ನಾಲ್ಕು ಸಾಲಿನಲ್ಲಿ ಹೇಳಿದ್ದು

ನಮ್ಮ ಕಾಲೇಜಿನಲ್ಲಿ ಒಂದಾದರೂ ಚುಟುಕು ಬರೆಯದೆ ಡಿಗ್ರಿ ಮುಗಿಸಿದವರು ಕಮ್ಮಿ. ಅಂಕೋಲೆಯ ನೀರಿನಲ್ಲೇ ಅದು ಇದೆ ಅಂತ ಹೊರಗಿನಿಂದ ಬಂದ ಲೆಕ್ಚರರುಗಳು ಹೇಳುತ್ತಿದ್ದರು. ನೀರಿನಲ್ಲಿ ಇತ್ತೋ ಇಲ್ಲವೋ, ಊರಿನಲ್ಲಂತೂ ಇತ್ತು. ದಿನಕರ ದೇಸಾಯಿಯವರು ನಮ್ಮ ತಾಲೂಕಿನವರು. 1909ರಲ್ಲಿ ಹುಟ್ಟಿದವರು ರೈತರ ಪರ ಹೋರಾಡಿದರು, 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಜಿಲ್ಲೆಯ ಮಕ್ಕಳಿಗೆ ಶಾಲೆ ತಂದರು, 1967ರಲ್ಲಿ ಲೋಕಸಭೆಗೂ ಗೆದ್ದುಹೋದರು, ಇಷ್ಟೆಲ್ಲ ಓಡಾಟದ ನಡುವೆಯೇ ಚುಟುಕು ಬರೆಯುತ್ತ ಹೋದರು. 1982ರಲ್ಲಿ ಅವರು ತೀರಿಕೊಂಡ ಮೇಲೂ ಊರಿನ ಹಿರಿಯರ ಬಾಯಲ್ಲಿ ಅವರ ಸಾಲುಗಳು ಉಳಿದಿದ್ದವು. ಸಭೆಯಿರಲಿ, ಮದುವೆ ಮನೆಯಿರಲಿ, ಯಾರಾದರೊಬ್ಬರು ಒಂದು ಹೇಳಿಯೇ ಹೇಳುತ್ತಿದ್ದರು. ಹಾಗಾಗಿ ಕವಿತೆ ಅಂದರೆ ದೊಡ್ಡವರ ವಿಷಯ ಅನ್ನೋ ಹೆದರಿಕೆ ನಮಗೆ ಇರಲಿಲ್ಲ.

ಲೈಬ್ರರಿಯ ಹೊರಗೆ ಒಂದು ಭಿತ್ತಿಪತ್ರಿಕೆ ಇತ್ತು. ಗಾಜಿನ ಬಾಗಿಲಿನ ಹಳೇ ಬೋರ್ಡು, ಮಳೆಗಾಲದಲ್ಲಿ ಒಳಗಿನ ಕಾಗದವೂ ತೇವವಾಗಿ ಶಾಯಿ ಹರಡುತ್ತಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ನಮ್ಮ ಕನ್ನಡ ಸರ್. ಯಾರು ಬೇಕಾದರೂ ಬರೆದು ಅವರ ಟೇಬಲ್ಲಿನ ಡ್ರಾಯರಿಗೆ ಹಾಕಬಹುದು, ಹೆಸರು ಬರೆಯಲೇಬೇಕು ಅಂತಿಲ್ಲ. ಒಂದೇ ಒಂದು ಷರತ್ತು ಇತ್ತು. "ದುಃಖ, ನೋವು, ಪ್ರೀತಿ, ಬದುಕು, ಈ ಶಬ್ದಗಳನ್ನು ಬಿಟ್ಟು ಬರೀರಿ. ದುಃಖ ಆದಾಗ ಕಣ್ಣಿಗೆ ಏನು ಕಾಣಿಸ್ತೋ ಅದನ್ನ ಬರೀರಿ, ಉಳಿದದ್ದು ಓದುವವರಿಗೇ ಗೊತ್ತಾಗ್ತದೆ" ಅನ್ನುತ್ತಿದ್ದರು. ಆಮೇಲೆ ಬೆರಳಿನಿಂದ ಟೇಬಲ್ ಬಡಿದು ಲೆಕ್ಕ ಹೇಳಿಕೊಡುತ್ತಿದ್ದರು. ಮಾತ್ರೆ ಅಂದರೆ ಅಕ್ಷರ ಉಚ್ಚರಿಸುವ ಹೊತ್ತಿನ ಅಳತೆ, ಗಣ ಅಂದರೆ ಅದರ ಗುಂಪು. ಸಾಲಿಗೆ ಐದು ಮಾತ್ರೆಯ ಮೂರು ಗಣ, ಕೊನೆಗೆ ಮೂರರ ಒಂದು. ಎರಡೆರಡು ಸಾಲಿಗೆ ಒಂದೊಂದು ಪ್ರಾಸ. ಪ್ರಾಸ ಸಿಗದಿದ್ದರೆ ನಿಘಂಟು ತೆಗೆಯಬೇಡಿ, ಒಂದು ಸುತ್ತು ನಡೆದುಬನ್ನಿ ಅನ್ನುತ್ತಿದ್ದರು.

ಒಂದು ಜೂನ್ ತಿಂಗಳಲ್ಲಿ ಬೋರ್ಡಿನ ಮೇಲೆ ಹೆಸರಿಲ್ಲದ ಒಂದು ಚುಟುಕು ಬಂತು:

ಮಳೆ ಬಂತು, ದಡದಲ್ಲೆ ಅಪ್ಪನಾ ದೋಣಿ,
ಕಡ ಕೇಳಿ ಸುತ್ತಿದಳು ಅಮ್ಮ ಊರೋಣಿ;
ಅನ್ನ ಕಮ್ಮಿಯೆ ಆಯ್ತು, ನಗು ಮಾತ್ರ ಜಾಸ್ತಿ,
ಅಪ್ಪ ಮನೆಯಲ್ಲಿಹುದೆ ನಮಗೆಲ್ಲ ಆಸ್ತಿ.

ನಮ್ಮ ಕರಾವಳಿಯಲ್ಲಿ ಮಳೆಗಾಲ ಅಂದರೆ ಮೀನುಗಾರಿಕೆ ನಿಲ್ಲುವ ಕಾಲ. ಕಡಲು ಕೆರಳಿರುತ್ತದೆ, ಮೀನು ಮೊಟ್ಟೆ ಇಡುವ ಹೊತ್ತೂ ಅದೇ. ಯಂತ್ರದ ದೋಣಿಗಳು ದಡ ಸೇರುತ್ತವೆ, ಮನೆಗೆ ದುಡ್ಡು ಬರುವುದು ನಿಲ್ಲುತ್ತದೆ. ಇದು ನಮಗೆಲ್ಲ ಗೊತ್ತಿದ್ದ ವಿಷಯವೇ. ಆದರೆ ಆ ಎರಡು ತಿಂಗಳು ಒಂದು ಮನೆಯ ಮಕ್ಕಳಿಗೆ ಅಪ್ಪ ಸಿಗುವ ತಿಂಗಳುಗಳೂ ಹೌದು ಅಂತ ಆ ದಿನದವರೆಗೆ ನಮ್ಮಲ್ಲಿ ಯಾರೂ ಯೋಚಿಸಿರಲಿಲ್ಲ. ಬರೆದದ್ದು ಯಾರು ಅಂತ ಊಹಿಸುವುದು ಕಷ್ಟವಿರಲಿಲ್ಲ. ಕ್ಲಾಸಿನಲ್ಲಿ ಹಾಜರಿಗೆ ಬಿಟ್ಟರೆ ಬಾಯಿ ತೆರೆಯದ ಹುಡುಗಿ ಅವಳು. ನಾವು ಯಾರೂ ಅವಳನ್ನು ಕೇಳಲಿಲ್ಲ, ಅವಳೂ ಹೇಳಲಿಲ್ಲ, ಆದರೆ ಅವತ್ತಿನಿಂದ ಅವಳ ಪಕ್ಕದ ಜಾಗ ಖಾಲಿ ಇರುತ್ತಿರಲಿಲ್ಲ. ಎದುರು ಕೂತು ಹೇಳೋಕೆ ಆಗದ್ದನ್ನು ಪ್ರಾಸದ ಮರೆಯಲ್ಲಿ ನಿಂತು ಹೇಳಬಹುದು. ನಾಚಿಕೆಯವರಿಗೆ ಚುಟುಕಿನಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ ಅಂತ ನಾನು ಆಗಲೇ ನಂಬಿದೆ, ಈಗಲೂ ನಂಬುತ್ತೇನೆ.

ಸರ್ ಒಮ್ಮೆ ನಮ್ಮನ್ನು ಬಾದಾಮಿಗೆ ಕರೆದುಕೊಂಡು ಹೋಗಿದ್ದರು. ಗುಹೆಗಳನ್ನು ಬೇಗ ಬೇಗ ತೋರಿಸಿ ಮುಗಿಸಿ, ಕಪ್ಪೆ ಅರಭಟ್ಟನ ಶಾಸನದ ಬಂಡೆಯ ಹತ್ತಿರ ಬಿಸಿಲಿನಲ್ಲಿ ತುಂಬಾ ಹೊತ್ತು ನಿಲ್ಲಿಸಿದರು. ಸುಮಾರು ಕ್ರಿ.ಶ. 700ರ ಶಾಸನ, ಅದರಲ್ಲಿ ಕನ್ನಡದ ತ್ರಿಪದಿ ಇದೆ. ಸಾಧುವಿಗೆ ಸಾಧು, ಮಧುರವಾಗಿ ಇದ್ದವರಿಗೆ ಮಧುರ, ಕೆಣಕಿದವನಿಗೆ ಮಾತ್ರ ಬಿಡದವನು ಅಂತ ಒಬ್ಬ ಮನುಷ್ಯನ ಸ್ವಭಾವವನ್ನು ಮೂರು ಸಾಲಿನಲ್ಲಿ ಕೆತ್ತಿಟ್ಟಿದ್ದಾರೆ. "ಕಲ್ಲು ಕೆತ್ತೋನಿಗೆ ಒಂದೊಂದು ಅಕ್ಷರಕ್ಕೂ ಬೆವರು ಇಳೀತದೆ, ಹಾಗಾಗಿ ಬೇಡದ ಅಕ್ಷರ ಇರೋದಿಲ್ಲ" ಅಂದರು ಸರ್. ಆಮೇಲೆ ಬಸ್ಸಿನಲ್ಲಿ ಸರ್ವಜ್ಞ ಬಂದ, ಬೀಸುವ ಕಲ್ಲಿನ ಹಾಡು ಬಂತು. ಬಯಲುಸೀಮೆಯ ಒಬ್ಬ ಗೆಳತಿ "ಆಡಿ ಬಾ ನನ ಕಂದ ಅಂಗಾಲ ತೊಳೆದೇನ" ಅಂತ ಶುರು ಮಾಡಿದಳು, ತೆಂಗಿನಕಾಯಿಯ ತಿಳಿನೀರಿನಲ್ಲಿ ಮಗುವಿನ ಬಂಗಾರದ ಮೋರೆ ತೊಳೆಯುತ್ತೇನೆ ಅನ್ನುವಲ್ಲಿಗೆ ಇಡೀ ಬಸ್ಸು ಸೇರಿಕೊಂಡಿತು. ಅದೂ ಮೂರೇ ಸಾಲು. ಬೀಸುವವಳ ಎರಡೂ ಕೈಗೆ ಕೆಲಸ, ಬಾಯಿ ಮಾತ್ರ ಬಿಡುವು, ಉಸಿರು ಹಿಡಿದಷ್ಟೇ ಮಾತು. ಆ ತಾಯಿ "ನಿನ್ನನ್ನು ಪ್ರೀತಿಸುತ್ತೇನೆ" ಅಂತ ಎಲ್ಲೂ ಹೇಳುವುದಿಲ್ಲ, ಕಾಲು ತೊಳೆಯುತ್ತೇನೆ ಅನ್ನುತ್ತಾಳೆ. ಸರ್ ಹಾಕುತ್ತಿದ್ದ ಷರತ್ತು ಅವರು ಕಂಡುಹಿಡಿದದ್ದಲ್ಲ ಅಂತ ನನಗೆ ಅವತ್ತು ಹೊಳೆಯಿತು.

ಡಿಗ್ರಿ ಮುಗಿಸಿ ಪುಣೆಗೆ ಹೋದೆ, ಕೆಲಸ ಹಿಡಿದೆ, ಬರೆಯುವುದು ನಿಂತೇ ಹೋಗಿತ್ತು. ಅಪ್ಪ ತೀರಿಕೊಂಡಾಗ ಎಲ್ಲರೂ ಅತ್ತರು, ನನಗೆ ಅಳು ಬರಲಿಲ್ಲ. ಕಾರ್ಯ ಮುಗಿಸಿ ಹೋದವನು ತಿಂಗಳುಗಟ್ಟಲೆ ಸುಮ್ನೆ ಆಫೀಸಿಗೆ ಹೋಗಿ ಬಂದೆ. ಯಾರಾದರೂ ಹೇಗಿದ್ದೀ ಅಂದರೆ ಆರಾಮ ಅನ್ನುತ್ತಿದ್ದೆ. ಮುಂದಿನ ಮೇ ತಿಂಗಳಲ್ಲಿ ಊರಿಗೆ ಬಂದಾಗ ಅಪ್ಪ ಹಿತ್ತಲಿನಲ್ಲಿ ನೆಟ್ಟಿದ್ದ ಕರಿ ಈಶಾಡು ಮಾವು ಮೊದಲ ಸಲ ಕಾಯಿ ಬಿಟ್ಟಿತ್ತು. ಆ ಹಣ್ಣು ತಿಂದವರಿಗೆ ಹೇಳಬೇಕಾಗಿಲ್ಲ, ಕೊಯ್ದರೆ ಪಕ್ಕದ ಮನೆಗೂ ಗೊತ್ತಾಗುವಂಥ ಪರಿಮಳ. ಆ ರಾತ್ರಿ ಜಗಲಿಯಲ್ಲಿ ಕೂತು ಬರೆದೆ. ಮೊದಲು ಮೂರನೇ ಸಾಲು "ಅಪ್ಪನಿಲ್ಲದ ನೋವು ಎದೆಯನ್ನು ಚುಚ್ಚಿ" ಅಂತ ಬಂತು. ಮಾತ್ರೆ ಸರಿ ಇತ್ತು, ಪ್ರಾಸಕ್ಕೂ ಕೊರತೆ ಇರಲಿಲ್ಲ. ಆದರೆ ಸರ್ ಕೆಂಪು ಪೆನ್ನು ಮೊದಲು ಇಡುತ್ತಿದ್ದದ್ದೇ ಅಲ್ಲಿ, ಅಲ್ವಾ? ಅದನ್ನು ಹೊಡೆದುಹಾಕಿ, ಮಧ್ಯಾಹ್ನ ಅಡುಗೆಮನೆಯಲ್ಲಿ ಕಂಡದ್ದನ್ನು ಬರೆದೆ:

ಅಪ್ಪ ನೆಟ್ಟಿದ್ದ ಗಿಡ ಈ ವರ್ಷ ಕಾಯ್ತು,
ಈಶಾಡ ಘಮವೆಲ್ಲ ಮನೆ ತುಂಬಿ ಹೋಯ್ತು;
ನಾವಿಬ್ಬರೇ, ಆಯಿ ಮೂರು ಪಾಲ್ ಹೆಚ್ಚಿ
ಒಂದು ಪಾಲಿಟ್ಟಿಹಳು ಎಲೆಯಲ್ಲಿ ಮುಚ್ಚಿ.

ಕೊನೆಯ ಸಾಲು ಬರೆದ ಮೇಲೆ ಅಳು ಬಂತು. ಚೆನ್ನಾಗಿ ಅತ್ತೆ. ಬೆಳಿಗ್ಗೆ ಆಯಿಗೆ, ಅಂದರೆ ಅಮ್ಮನಿಗೆ, ಓದಿ ಹೇಳಿದೆ. "ಪಾಲು ಸಣ್ಣದಾಯ್ತು ಮಾರಾಯ, ಅವರಿಗೆ ಒಂದು ಇಡೀ ಹಣ್ಣು ಬೇಕಿತ್ತು" ಅಂದಳು. ಅವತ್ತು ನಾವಿಬ್ಬರೂ ಅಪ್ಪನ ಬಗ್ಗೆ ಮಧ್ಯಾಹ್ನದವರೆಗೆ ಮಾತಾಡಿದೆವು. ಅದಕ್ಕೆ ಮೊದಲು ಇಬ್ಬರೂ ಆ ಮಾತು ಎತ್ತಿರಲೇ ಇಲ್ಲ.

ಈಗ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ದಿನಾ ಬೆಳಿಗ್ಗೆ ಯಾರೋ ಒಬ್ಬರು ಕಗ್ಗದ ಒಂದು ಪದ್ಯ ಹಾಕುತ್ತಾರೆ. ಡಿವಿಜಿಯವರು 1943ರಲ್ಲಿ ಹೊರತಂದ ಆ ಪುಸ್ತಕದಲ್ಲಿ 945 ಪದ್ಯಗಳಿವೆ, ಒಂದೊಂದನ್ನೂ ಎಷ್ಟು ದಿನ ಬೇಕಾದರೂ ಜಗಿಯಬಹುದು. ನನಗೂ ಇಷ್ಟವೇ. ಆದರೆ ಫಾರ್ವರ್ಡ್ ಮಾಡುವ ಕೈ ಒಂದು ದಿನವಾದರೂ ತನ್ನದೇ ನಾಲ್ಕು ಸಾಲು ಬರೆಯಲಿ ಅಂತ ನನ್ನಾಸೆ. ಆ ಮೌನದ ಹುಡುಗಿ, ಈಗ ಶಾಲೆಯಲ್ಲಿ ಟೀಚರು, ಹೋದ ಮಳೆಗಾಲದಲ್ಲಿ ಗುಂಪಿಗೆ ಒಂದನ್ನು ಕಳಿಸಿದಳು. ಈ ಸಲ ಹೆಸರು ಹಾಕಿಯೇ ಕಳಿಸಿದಳು. ಇಲ್ಲಿ ಕೊಡಲು ಒಪ್ಪಿದ್ದಾಳೆ, ಹೆಸರು ಬೇಡ ಅಂದಳು:

ಗಂಗಾವಳಿಯ ನೀರು ಮಳೆಗಾಲ ಕೆಂಪು,
ಬೇಸಗೆಗೆ ಉಪ್ಪುಪ್ಪು, ಸಂಜೆಯಲಿ ತಂಪು;
ಹೊಳೆ ಕೂಡ ಬದಲಾಗಿ ಬದುಕುವುದು ಹೀಗೆ,
ಒಂದೆ ಬಣ್ಣದಲಿರಲಿ ನಾನಾದ್ರು ಹೇಗೆ?

ಮೂರನೇ ಸಾಲಿನಲ್ಲಿ 'ಬದುಕು' ಬಂದಿದೆ. ಸರ್ ಇದಕ್ಕೆ ಒಪ್ಪುತ್ತಿದ್ದರೋ ಇಲ್ಲವೋ ಅಂತ ಗುಂಪಿನಲ್ಲಿ ಎರಡು ದಿನ ಚರ್ಚೆ ನಡೆಯಿತು. ನಾನು ಒಪ್ಪುತ್ತಿದ್ದರು ಅನ್ನುವ ಪಕ್ಷ. ಹೊಳೆಯ ಕೆಂಪು, ಉಪ್ಪು, ತಂಪು ಎಲ್ಲ ತೋರಿಸಿ ಆದ ಮೇಲೆ ಆ ಶಬ್ದ ಬಂದಿದೆ, ಬರುವ ಹಕ್ಕು ಅದಕ್ಕಿದೆ.

ನಮ್ಮ ಕಾಲೇಜು ಪತ್ರಿಕೆಯ ಸಂಪಾದಕ ಗೆಳೆಯರಲ್ಲಿ ಒಂದು ಕೋರಿಕೆ. ಲೇಖನ ಮುಗಿದು ಪುಟದ ಕೆಳಗೆ ಜಾಗ ಉಳಿದರೆ ಮಾತ್ರ ಚುಟುಕು ತುಂಬುವ ಪದ್ಧತಿ ನಮ್ಮ ಕಾಲದಲ್ಲೂ ಇತ್ತು. ಅದನ್ನು ಬಿಡಿ. ಈಗಿನ ವಿದ್ಯಾರ್ಥಿಗಳ ಚುಟುಕುಗಳಿಗೆ ಒಂದು ಪೂರ್ತಿ ಪುಟ ಕೊಡಿ, ಹೆಸರು ಹಾಕದೆ ಕೊಡುವವರದ್ದನ್ನೂ ತೆಗೆದುಕೊಳ್ಳಿ.