ಹೂಮಳೆ ಇನ್ನೂ ಬಂದಿಲ್ಲ

15 ಮಾರ್ಚ್ 2024, ಶುಕ್ರವಾರ, ರಾತ್ರಿ

ಕೆರೆ ಪಂಪ್ ಓಡಿಸೋ ತ್ರೀ ಫೇಸ್ ಕರೆಂಟ್ ಬರೋದು ಹನ್ನೆರಡಕ್ಕೆ. ಈಗ ಮಲಗಿದ್ರೆ ಏಳೋಕಾಗಲ್ಲ ಅಂತ ಅಡುಗೆಮನೆ ಮೇಜಿನ ಹತ್ರ ಕೂತು ಬರೀತಿದ್ದೀನಿ. ಇವರಿಗೆ ಮಗ್ಗುಲು ತಿರುಗಿಸಿ ಬೆನ್ನಿಗೆ ಪೌಡರ್ ಹಾಕಿ ಬಂದೆ. ಮಗಳು ಆಚೆ ರೂಮಲ್ಲಿ ಲೆಕ್ಕ ಮಾಡ್ತಾ ಇದ್ದಾಳೆ, 25ಕ್ಕೆ ಎಸ್ಸೆಸ್ಸೆಲ್ಸಿ ಶುರು.

ಕೆರೆ ತುಂಬಾ ಇಳಿದಿದೆ. ಮೊನ್ನೆ ನೆಟ್ಟ ಕೋಲಲ್ಲಿ ನೋಡಿದ್ರೆ ಒಂದು ಮೊಳ ಕಮ್ಮಿ. ಇನ್ನೊಂದು ನಾಲ್ಕು ರಾತ್ರಿ ಸ್ಪ್ರಿಂಕ್ಲರ್ ಜೆಟ್ ಓಡಿಸಿದ್ರೆ ಬರೀ ಕೆಸರು ಬರುತ್ತೆ. ಮೇಲಿನ ತುಂಡಿಗೆ ಹೇಗೋ ನೀರು ಕೊಟ್ಟು ಮುಗೀತು, ಕೆಳಗಿನ ಒಂದೂವರೆ ಏಕರೆ ಹಾಗೇ ಇದೆ, ರೊಬಸ್ಟಾ ಕಾಫಿ ಗಿಡದ ತುಂಬ ಮೊಗ್ಗು ಬಂದು ನಿಂತಿದೆ, ಎಲೆ ಮಾತ್ರ ಬೆಂದ ಸೊಪ್ಪಿನ ಹಾಗೆ ಜೋತು ಬಿದ್ದಿದೆ. ಒಂದಿಂಚು ಹೂಮಳೆ ಸಾಕು. ಒಂದಿಂಚು ಬಿದ್ರೆ ಎಂಟತ್ತು ದಿನದಲ್ಲಿ ತೋಟ ಪೂರ್ತಿ ಹೂ ಬಿಟ್ಟು ಬೆಳ್ಳಗಾಗುತ್ತೆ, ಆಮೇಲೆ ಹದಿನೈದಿಪ್ಪತ್ತು ದಿನದೊಳಗೆ ಇನ್ನೊಂದು ಬ್ಯಾಕಿಂಗ್ ಮಳೆ ಸಿಕ್ಕಿದ್ರೆ ಕಾಯಿ ನಿಲ್ಲುತ್ತೆ. ಈ ವರ್ಷ ಚೆರ್ರಿಗೆ, ಅಂದ್ರೆ ಒಣಗಿಸಿದ ಕಾಫಿ ಹಣ್ಣಿಗೆ, ಯಾರೂ ಕಾಣದ ರೇಟ್ ಇದೆ ಅಂತ ಎಲ್ರೂ ಹೇಳ್ತಾರೆ. ನಮ್ಮ ಮೂಟೆ ಜನವರೀಲೇ ಆಸ್ಪತ್ರೆ ಸಾಲಕ್ಕೆ ಹೋಗಿತ್ತು.

ಅದನ್ನ ಬರೆಯೋಕೆ ಕೂತಿದ್ದಲ್ಲ.

ಇವತ್ತು ಶುಕ್ರವಾರ ಅಲ್ವಾ, ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲ, ವಿರಾಜಪೇಟೆ ಚರ್ಚಲ್ಲಿ ಸಂಜೆ ಶಿಲುಬೆ ಹಾದಿ ಇತ್ತು, ಯೇಸುಸ್ವಾಮಿ ಶಿಲುಬೆ ಹೊತ್ತು ಹೋಗಿದ್ದನ್ನ ಒಂದೊಂದೇ ಸ್ಥಳದಲ್ಲಿ ನಿಂತು ನೆನೆಯೋ ಪ್ರಾರ್ಥನೆ. ಇವರು ಬಿದ್ದು ಹಾಸಿಗೆ ಹಿಡಿದ ಈ ಹದಿಮೂರು ತಿಂಗಳಲ್ಲಿ ನಾನು ಹೋಗಿದ್ದು ಕೈಬೆರಳಲ್ಲಿ ಎಣಿಸುವಷ್ಟು. ಇವತ್ತು ಮಗಳೇ ಹೇಳಿದ್ಲು, ನಾನು ಪಪ್ಪನ ನೋಡ್ಕೋತೀನಿ ನೀ ಹೋಗಿ ಬಾಮ್ಮ ಅಂತ. ಹೋದೆ. ಮುಗಿಸಿ ಹೊರಗೆ ಬರುವಾಗ ಗೇಟ್ ಹತ್ರ ಗುರುತಿನವರೊಬ್ಬರು ಕೈ ಹಿಡ್ಕೊಂಡು "ತಡ್ಕೊಳೋ ಶಕ್ತಿ ಇರೋರಿಗೇ ದೇವರು ಕಷ್ಟ ಕೊಡೋದು, ನೀವು ಗಟ್ಟಿ ಇದ್ದೀರ ಅದಕ್ಕೇ ಕೊಟ್ಟಿದ್ದಾನೆ" ಅಂದ್ರು. ಒಳ್ಳೆಯವರೇ. ಅವರ ಮನಸ್ಸಲ್ಲಿ ಏನೂ ಕೆಟ್ಟದ್ದಿಲ್ಲ, ನನಗೆ ಗೊತ್ತು. ಹೌದು ಅಂತ ತಲೆ ಆಡಿಸಿದೆ. ಆದ್ರೆ ಹೊಟ್ಟೆಯೊಳಗೆ ಕೆಂಡ ಇಟ್ಟ ಹಾಗಾಯ್ತು. ಹಾಗಾದ್ರೆ ನಾನು ಸ್ವಲ್ಪ ಬಡಕಲಾಗಿ ಇದ್ದಿದ್ರೆ ಇವರು ಕರಿಮೆಣಸು ಕುಯ್ಯುವಾಗ ಏಣಿಯಿಂದ ಬೀಳ್ತಾ ಇರ್ಲಿಲ್ವಾ? ನನ್ನ ಗಟ್ಟಿತನಕ್ಕೆ ಇವರ ಸೊಂಟ ಯಾಕೆ ಮುರೀಬೇಕು?

ಈ ಮಾತು ಬೈಬಲ್ಲಲ್ಲಿದೆ ಅಂತ ತುಂಬ ಜನ ಅಂದ್ಕೊಂಡಿದ್ದಾರೆ. ನಾನೂ ಅಂದ್ಕೊಂಡಿದ್ದೆ. ಕಳೆದ ಮಳೆಗಾಲದಲ್ಲಿ ನಿದ್ದೆ ಇಲ್ಲದ ರಾತ್ರಿಗಳಲ್ಲಿ ಹುಡುಕಿ ಓದಿದೆ. ಕೊರಿಂಥದವರಿಗೆ ಪೌಲ ಬರೆದ ಮೊದಲನೇ ಪತ್ರ, ಹತ್ತನೇ ಅಧ್ಯಾಯ. ಅಲ್ಲಿರೋದು ಶೋಧನೆ ಬಗ್ಗೆ, ಪಾಪಕ್ಕೆ ಬೀಳೋ ಹಾಗೆ ಎಳೀತಲ್ಲ ಅದರ ಬಗ್ಗೆ, ಶಕ್ತಿ ಮೀರಿ ಶೋಧನೆ ಬರೋಕೆ ದೇವರು ಬಿಡಲ್ಲ, ತಪ್ಪಿಸಿಕೊಳ್ಳೋ ದಾರೀನೂ ಇಡ್ತಾನೆ ಅಂತ. ಬೀಳೋದು, ಕಾಯಿಲೆ, ಸಾಲ ಇದ್ಯಾವುದರ ಲೆಕ್ಕಾನೂ ಅಲ್ಲಿಲ್ಲ. ಅದೇ ಪೌಲ ಅದೇ ಊರಿನವರಿಗೆ ಬರೆದ ಎರಡನೇ ಪತ್ರದ ಮೊದಲನೇ ಅಧ್ಯಾಯದಲ್ಲೇ ಹೇಳ್ತಾನೆ, ಆಸ್ಯ ಸೀಮೆಯಲ್ಲಿ ನಮಗೆ ಬಂದ ಕಷ್ಟ ನಮ್ಮ ಶಕ್ತಿ ಮೀರಿತ್ತು, ಬದುಕೋ ಆಸೇನೇ ಬಿಟ್ಟಿದ್ವಿ ಅಂತ. ಶಕ್ತಿ ಮೀರಿತ್ತು ಅಂತ ಪೌಲನೇ ಬರೆದಿದ್ದಾನೆ! ಅದನ್ನ ಓದಿದ ರಾತ್ರಿ ನಾನು ಅತ್ತಿದ್ದು ನೆನಪಿದೆ, ದುಃಖಕ್ಕಲ್ಲ, ಸದ್ಯ ಯಾರೋ ಒಬ್ಬರು ಹೇಳಿದ್ರಲ್ಲ ಅಂತ.

ಗೇಟ್ ದಾಟಿ ಬಸ್‌ಸ್ಟ್ಯಾಂಡ್ ಕಡೆ ತಿರುಗ್ತಿದ್ದೆ, ಹಿಂದಿನಿಂದ ಯಾರೋ ಸೆರಗು ಎಳೆದ ಹಾಗಾಯ್ತು. ನೋಡಿದ್ರೆ ಮಾದಾಪುರದ ಚಿಕ್ಕಮ್ಮ. ಮಗಳ ಮನೆಗೆ ಬಂದು ನಾಲ್ಕು ದಿನ ಆಯ್ತಂತೆ, ಫೋನ್ ಕೂಡ ಮಾಡಿಲ್ಲ. ಮುಖ ನೋಡಿದ ತಕ್ಷಣ "ಅಳ್ಬೇಡ" ಅಂತ ಹೇಳ್ಲಿಲ್ಲ. "ಬಾ ಇಲ್ಲಿ ಕೂತ್ಕೊ, ಅತ್ತು ಹೋಗು, ಬಸ್ಸಲ್ಲಿ ಅತ್ರೆ ಎಲ್ರೂ ನೋಡ್ತಾರೆ" ಅಂದ್ರು. ಚರ್ಚ್ ಮೆಟ್ಟಿಲ ಮೇಲೆ ಕೂತ್ವಿ.

ನಾನು ಎಲ್ಲ ಹೇಳಿದೆ. ಗೇಟ್ ಹತ್ರದ ಮಾತು, ಕೆರೆ, ಸಾಲ. ಆಮೇಲೆ ಯಾರಿಗೂ ಹೇಳದೇ ಇದ್ದದ್ದನ್ನೂ ಹೇಳಿದೆ. ಡಿಸೆಂಬರ್‌ನಿಂದ ನನ್ನ ಕೈಲಿ ಪ್ರಾರ್ಥನೆ ಮಾಡೋಕೆ ಆಗ್ತಿಲ್ಲ. ಜಪಸರ ತಗೋತೀನಿ, ನಮೋ ಮರಿಯ ಅಂತ ಶುರು ಮಾಡ್ತೀನಿ, ಅರ್ಧಕ್ಕೆ ಬಾಯಿ ನಿಲ್ಲುತ್ತೆ. ಕ್ರಿಸ್ಮಸ್ ರಾತ್ರಿ ಇವರ ಹಾಸಿಗೆ ಪಕ್ಕ ಕೂತು ದೇವರನ್ನ ಬೈದಿದ್ದೀನಿ, ಜೋರಾಗಿ, ತೋಟದ ಕೆಲಸದವರ ಲೈನ್ ಮನೆ ತನಕ ಕೇಳಿಸಿರಬಹುದು.

ಚಿಕ್ಕಮ್ಮ ಸ್ವಲ್ಪ ಹೊತ್ತು ಏನೂ ಮಾತಾಡ್ಲಿಲ್ಲ. ಆಮೇಲೆ 2018ರ ಕತೆ ಹೇಳಿದ್ರು. ಮನೆ ಹೋಗಿದ್ದು, ತೋಟ ಹೋಗಿದ್ದು ನಮಗೆಲ್ಲ ಗೊತ್ತೇ ಇದೆ. ಆ ಆಗಸ್ಟಲ್ಲಿ ಹಟ್ಟಿಹೊಳೆ, ಮಕ್ಕಂದೂರು, ಮುಕ್ಕೋಡ್ಲು ಕಡೆ ಗುಡ್ಡ ಗುಡ್ಡಾನೇ ಇಳಿದು ಬಂತಲ್ಲ, ಚಿಕ್ಕಪ್ಪ ಮೂವತ್ತು ವರ್ಷ ಬರೆದ ಮಳೆ ಪುಸ್ತಕ, ದಿನಕ್ಕೆ ಎಷ್ಟು ಇಂಚು ಎಷ್ಟು ಸೆಂಟ್ ಅಂತ, ಅದೂ ಮಣ್ಣಲ್ಲೇ ಹೋಯ್ತು. ಇದೆಲ್ಲ ಕೇಳಿದ್ದೇ. ಕೇಳದೇ ಇದ್ದಿದ್ದು ಬೇರೆ. ಗಂಜಿ ಕೇಂದ್ರದಲ್ಲಿದ್ದಾಗ ಸಂಜೆ ಹೆಂಗಸರೆಲ್ಲ ಸೇರಿ ಜಪಸರ ಹೇಳೋರಂತೆ. ಚಿಕ್ಕಮ್ಮ ಗೋಡೆ ಕಡೆ ಮುಖ ಮಾಡಿ ಮಲಗೋರಂತೆ. ದಿನಕ್ಕೆ ಮೂರು ಸಲ ಪ್ರಾರ್ಥನೆ ಹೇಳಿ ನಮ್ಮನ್ನೆಲ್ಲ ಮೊಣಕಾಲೂರಿಸ್ತಿದ್ದ ಚಿಕ್ಕಮ್ಮ! ನಾಲ್ಕನೇ ದಿನವೋ ಐದನೇ ದಿನವೋ ಒಬ್ಬ ಅಜ್ಜಿ ಬಂದು ಪಕ್ಕದಲ್ಲಿ ಕೂತು ಜಪಸರವನ್ನ ಇವರ ಕೈಗೆ ಸುತ್ತಿದ್ರಂತೆ.

"ನೀ ಹೇಳ್ಬೇಡ, ನಾನು ಹೇಳ್ತೀನಿ, ನೀ ಬರೀ ಮಣಿ ಹಿಡ್ಕೊ ಅಂದ್ರು ಮಗಾ. ಅಷ್ಟೇ. ಎರಡು ತಿಂಗಳು ಹಾಗೇ ಹಿಡ್ಕೊಂಡಿದ್ದೆ. ಒಂದು ಅಕ್ಷರ ಹೇಳ್ಲಿಲ್ಲ."

"ಆಮೇಲೆ ಬಂತಾ ಚಿಕ್ಕಮ್ಮ?" ಅಂತ ಕೇಳಿದೆ.

"ಏನು ಬರೋದು?"

"ನಂಬಿಕೆ."

"ಅದು ಹೋಗಿತ್ತು ಅಂತ ಯಾರು ಹೇಳಿದ್ದು ನಿಂಗೆ? ಬೈಯ್ಬೇಕಾದ್ರೆ ಎದುರಿಗೆ ಒಬ್ಬ ಇರ್ಬೇಕಲ್ಲ."

ಅದಕ್ಕೆ ನಾನು ಏನೂ ಹೇಳಕ್ಕಾಗ್ಲಿಲ್ಲ.

ಅಷ್ಟೊತ್ತಿಗೆ ಅಮ್ಮತ್ತಿ ಬಸ್ ಹಾರ್ನ್ ಮಾಡ್ದ. ಚಿಕ್ಕಮ್ಮ ನನ್ನ ಬ್ಯಾಗಿಗೆ ಒಂದು ಪೊಟ್ಟಣ ತುರುಕಿದ್ರು, ಮನೆಗೆ ಬಂದು ನೋಡಿದ್ರೆ ಅವರ ಮಗಳ ಮನೆ ಅಕ್ಕಿ ರೊಟ್ಟಿ ಆರು, ಒಣಮೀನು ಚಟ್ನಿ ಪಕ್ಕದಲ್ಲಿ. ಶುಕ್ರವಾರ ಮಾಂಸ ತಿನ್ನಲ್ಲ ಅಂತ ನೆನಪಿಟ್ಟು ಮೀನು ಹಾಕಿದ್ದಾರೆ.

ಬಸ್ಸಲ್ಲಿ ಪೂರ್ತಿ ಅದೇ ಯೋಚನೆ. ಯಾಕೋಬನ ಪತ್ರ ಐದನೇ ಅಧ್ಯಾಯ ನನಗೆ ಮೊದಲಿಂದಾನೂ ಇಷ್ಟ, ಬೇಸಾಯದವನು ಭೂಮಿಯ ಫಲಕ್ಕೆ ಮುಂಗಾರು ಹಿಂಗಾರು ಎರಡೂ ಮಳೆ ಬರೋತನಕ ತಾಳ್ಮೆಯಿಂದ ಕಾಯ್ತಾನೆ ನೋಡಿ ಅಂತ ಬರುತ್ತಲ್ಲ. ನಮ್ಮ ಹೂಮಳೆ, ಬ್ಯಾಕಿಂಗ್ ಮಳೆ ಲೆಕ್ಕಾನೇ. ಅದೇ ಅಧ್ಯಾಯದಲ್ಲಿ ನಾಲ್ಕು ವಾಕ್ಯ ಕೆಳಗೆ ಯೋಬನ ತಾಳ್ಮೆ ಬಗ್ಗೆ ಕೇಳಿದ್ದೀರಲ್ಲ ಅಂತಾನೆ. ಇಷ್ಟು ವರ್ಷ ಅದನ್ನ ಓದಿ ಯೋಬ ಅಂದ್ರೆ ಬಾಯಿ ಮುಚ್ಚಿ ಸಹಿಸಿಕೊಂಡವನು ಅಂದ್ಕೊಂಡಿದ್ದೆ. ಎಲ್ಲಿ ಮುಚ್ಚಿದ್ದ? ಮೂರನೇ ಅಧ್ಯಾಯದಲ್ಲೇ ತಾನು ಹುಟ್ಟಿದ ದಿನಕ್ಕೆ ಶಾಪ ಹಾಕ್ತಾನೆ. ಆಮೇಲೆ ಅಧ್ಯಾಯಗಟ್ಟಲೆ ದೇವರ ಜೊತೆ ವ್ಯಾಜ್ಯ. ಅವನ ಗೆಳೆಯರು ಏಳು ಹಗಲು ಏಳು ರಾತ್ರಿ ನೆಲದ ಮೇಲೆ ಅವನ ಜೊತೆ ಮಾತಿಲ್ಲದೆ ಕೂತಿದ್ರು, ಅಲ್ಲೀತನಕ ಸರಿ ಇತ್ತು, ಬಾಯಿ ತೆಗೆದು ನಿನಗೆ ಯಾಕೆ ಹೀಗಾಯ್ತು ಗೊತ್ತಾ ಅಂತ ಶುರು ಮಾಡಿದ್ಮೇಲೆ ಕೆಟ್ಟಿತು. ಕೊನೇಲಿ ದೇವರಿಗೆ ಸಿಟ್ಟು ಬಂದಿದ್ದು ಆ ಗೆಳೆಯರ ಮೇಲೆ, ಯೋಬನ ಮೇಲಲ್ಲ. ಆ ಕೂಗಾಡಿದವನನ್ನೇ ತಾಳ್ಮೆಗೆ ಉದಾಹರಣೆ ಕೊಟ್ಟಿದ್ದಾನೆ ಯಾಕೋಬ. ಅಂದ್ರೆ ನನ್ನ ಕ್ರಿಸ್ಮಸ್ ರಾತ್ರೀನೂ ಅದರಲ್ಲಿ ಸೇರುತ್ತಾ? ಸೇರುತ್ತೆ ಅಂತ ಇವತ್ತು ಮೊದಲನೇ ಸಲ ಅನ್ನಿಸ್ತು.

ಇನ್ನೊಂದು. ಶಿಲುಬೆ ಹಾದಿ ಐದನೇ ಸ್ಥಳದಲ್ಲಿ ಸಿರೇನಿನ ಸಿಮೋನ. ಅವನು ಹಳ್ಳಿ ಕಡೆಯಿಂದ ಬರ್ತಿದ್ದ ಅಂತ ಮಾರ್ಕನ ಸುವಾರ್ತೆ. ದಾರಿಯಲ್ಲಿ ಹೋಗ್ತಿದ್ದವನನ್ನ ಹಿಡಿದು ಬಲವಂತವಾಗಿ ಹೊರಿಸಿದ್ರು, ಅವನಾಗಿ ಬಂದಿದ್ದಲ್ಲ. ನಾನೂ ಇದನ್ನ ಕೇಳ್ಕೊಂಡು ಬಂದವಳಲ್ಲ. ಆದ್ರೆ ಇವತ್ತು ಅಲ್ಲಿ ಮೊಣಕಾಲೂರಿದಾಗ ನನ್ನ ತಲೆಗೆ ಬಂದಿದ್ದು ಸಿಮೋನ ಅಲ್ಲ, ಯೇಸುಸ್ವಾಮಿ. ಅವರಿಗೂ ಒಬ್ಬರೇ ಹೊರೋಕಾಗ್ಲಿಲ್ವಲ್ಲ. ದೇವರ ಮಗ, ಇನ್ನೊಬ್ಬರ ಹೆಗಲು ಬೇಕಾಯ್ತು. ನಾನು ಮಾತ್ರ ಲೈನ್ ಮನೆ ಅಕ್ಕ ರಾತ್ರಿ ಜೆಟ್ ಬದಲಾಯಿಸೋಕೆ ನಾನು ಬರ್ತೀನಿ ಅಂದ್ರೆ ಬೇಡ ಬೇಡ ಅಂತ ಮೂರು ಸಲ ಹೇಳಿ ಕಳಿಸಿದ್ದೀನಿ.

ಈ ಚರ್ಚ್ 1792ರದ್ದು. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ರಾಜ ದೊಡ್ಡವೀರರಾಜೇಂದ್ರರು ಇಲ್ಲಿ ಜಾಗ ಕೊಟ್ಟಿದ್ದು ಅಂತ ಚಿಕ್ಕವರಿದ್ದಾಗಿಂದ ಕೇಳಿದ್ದೀವಿ. ಎಲ್ಲ ಕಳ್ಕೊಂಡು ಕಾಡು ದಾಟಿ ಬಂದ ಆ ಹೆಂಗಸರು ಮೊದಲನೇ ಪೂಜೆಯಲ್ಲಿ ಏನು ಹೇಳಿರ್ತಾರೆ, ಎಷ್ಟು ಜನಕ್ಕೆ ಬಾಯಿ ಬಂದಿರುತ್ತೆ, ಎಷ್ಟು ಜನ ಸುಮ್ಮನೆ ಮಣಿ ಹಿಡ್ಕೊಂಡು ನಿಂತಿರ್ತಾರೆ. ಮೆಟ್ಟಿಲ ಮೇಲೆ ಕೂತಾಗ ಇದು ಹೊಳೆದಿರ್ಲಿಲ್ಲ, ಈಗ ಬರೀತಾ ಹೊಳೀತಿದೆ.

ಬಸ್ ಇಳಿದು ಒಳಗಿನ ರಸ್ತೆಯಲ್ಲಿ ಟಾರ್ಚ್ ಬಿಟ್ಕೊಂಡು ಬಂದೆ, ಆನೆ ಲದ್ದಿ ಬಿಸಿ ಬಿಸಿ ಇತ್ತು, ಹಲಸಿನ ಮರದ ಕೆಳಗೆ. ಓಡಿ ಬಂದೆ ಅಂತಾನೇ ಹೇಳ್ಬೇಕು. ಇವರಿಗೆ ರೊಟ್ಟಿ ತಿನ್ನಿಸ್ತಾ ಚಿಕ್ಕಮ್ಮ ಸಿಕ್ಕಿದ್ರು ಅಂದೆ, ಉಳಿದದ್ದು ಹೇಳ್ಲಿಲ್ಲ. ಇವರು ಎರಡು ರೊಟ್ಟಿ ತಿಂದ್ರು. ತುಂಬ ದಿನದ ಮೇಲೆ ಎರಡು.

ಹನ್ನೊಂದೂ ಮುಕ್ಕಾಲು. ಈಗ ಲೈನ್ ಮನೆ ಅಕ್ಕನಿಗೆ ಫೋನ್ ಮಾಡಿದ್ರೆ ಎದ್ದಿರ್ತಾರೋ ಏನೋ. ನಾಳೆ ರಾತ್ರಿಗೆ ಬನ್ನಿ ಅಂತ ಬೆಳಿಗ್ಗೆ ಹೇಳಿದ್ರಾಯ್ತು ಅಂದ್ಕೊಂಡೆ, ಆದ್ರೆ ಬೆಳಿಗ್ಗೆ ಆದ್ರೆ ನಾನು ಮತ್ತೆ ಬೇಡ ಅಂತೀನಿ, ನನ್ನ ಬುದ್ಧಿ ನನಗೆ ಗೊತ್ತು.

ಇವರು ಎದ್ರು ಅನ್ಸುತ್ತೆ. ಮೋಡ ಇದ್ಯಾ ಅಂತ ಕೇಳ್ತಿದ್ದಾರೆ, ದಿನಾ ಈ ಹೊತ್ತಿಗೆ ಇದೇ ಪ್ರಶ್ನೆ. ಬಾಗಿಲು ತೆಗೆದು ನೋಡಿ ಬಂದೆ. ಅರ್ಧ ಚಂದ್ರ ಪಡುವಣದಲ್ಲಿ ಮುಳುಗ್ತಾ ಇದ್ದಾನೆ, ನಕ್ಷತ್ರ ತುಂಬ ಇದೆ, ಒಂದು ತುಂಡು ಮೋಡ ಇಲ್ಲ. ಒಳಗೆ ಹೋಗಿ ಹಾಗೇ ಹೇಳ್ಬೇಕು. ಜಪಸರ ಇವರ ದಿಂಬಿನ ಕೆಳಗೇ ಇದೆ, ನಾನು ಹೇಳೋಕಾಗದಿದ್ರೆ ಇವರು ಹೇಳ್ತಾರೇನೋ, ಒಂದ್ಸಲ ಕೇಳಿ