ಉತ್ತರ ಗೊತ್ತಿದ್ದೂ ಕೈ ಎತ್ತದ ಮಕ್ಕಳು

ಮೂಡಿಗೆರೆ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಒಳ್ಳೆಯ ಅಂಕಗಳೊಂದಿಗೆ ಎಸ್ಸೆಸ್ಸೆಲ್ಸಿ ಮುಗಿಸಿದ ನನ್ನ ಅಕ್ಕನ ಮಗಳು ಈ ವರ್ಷ ಹಾಸನದ ಕಾಲೇಜೊಂದರಲ್ಲಿ ಪಿಯುಸಿ ವಿಜ್ಞಾನ ವಿಭಾಗಕ್ಕೆ ಸೇರಿದ್ದಾಳೆ. ಶಾಲೆಯಲ್ಲಿ ಮೇಷ್ಟ್ರು ಪ್ರಶ್ನೆ ಕೇಳಿ ಮುಗಿಸುವ ಮೊದಲೇ ಕೈ ಎತ್ತುತ್ತಿದ್ದ ಹುಡುಗಿ ಈಗ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರುತ್ತಾಳೆ. ‘ಏನು ತೊಂದರೆ?’ ಎಂದು ಕೇಳಿದಾಗ ಅವಳು ಕೊಟ್ಟ ಉತ್ತರ ನನ್ನನ್ನು ಬಹಳ ದಿನ ಕಾಡಿತು. ‘ಚಿಕ್ಕಮ್ಮ, ಪಾಠ ಅರ್ಥ ಆಗಲ್ಲ ಅಂತಲ್ಲ. ಇದು ನನಗೆ ಗೊತ್ತಿರೋದೇ ಅಲ್ವಾ ಅಂತ ಹೊಳೆಯೋ ಹೊತ್ತಿಗೆ ಅವರು ಮುಂದಿನದಕ್ಕೆ ಹೋಗಿರ್ತಾರೆ.’

ಇಂಗ್ಲಿಷನ್ನು ಎರಡನೇ ಭಾಷೆಯಾಗಿ ಕಲಿತ ಮಕ್ಕಳ ಕಷ್ಟವನ್ನು ಇಷ್ಟು ಸ್ಪಷ್ಟವಾಗಿ ಹೇಳಿದ ಮಾತನ್ನು ನಾನು ಬೇರೆಲ್ಲೂ ಕೇಳಿಲ್ಲ. ಇಂಥ ಮಕ್ಕಳನ್ನು ‘ವಿಷಯ ಗೊತ್ತಿಲ್ಲದವರು’ ಎಂದು ತೀರ್ಮಾನಿಸುವುದು ಅನ್ಯಾಯ. ಅವರಿಗೆ ವಿಷಯ ಗೊತ್ತಿದೆ. ಅದನ್ನು ಗುರುತಿಸಲು ಮತ್ತು ಹೇಳಲು ಬೇಕಾದ ಸಮಯವನ್ನು ನಾವು ಅವರಿಗೆ ಕೊಡುತ್ತಿಲ್ಲ.

ನಾನು ಓದಿದ್ದೂ ಅದೇ ಸೀಮೆಯಲ್ಲಿ, 1990ರ ದಶಕದಲ್ಲಿ. ಆಗ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಆರಂಭವಾಗುತ್ತಿದ್ದುದು ಐದನೇ ತರಗತಿಯಲ್ಲಿ. ನಾಲ್ಕು ಗೆರೆಯ ಕಾಪಿ ಪುಸ್ತಕದಲ್ಲಿ ಅಕ್ಷರಗಳನ್ನು ತಿದ್ದುವುದರಲ್ಲಿ ಒಂದು ವರ್ಷ ಕಳೆಯುತ್ತಿತ್ತು; ಆಮೇಲೆ ಏಕಾಏಕಿ ಪಾಠ, ಪದ್ಯ, ಪ್ರಶ್ನೋತ್ತರ. ಮೇಡಂ ಒಮ್ಮೆ ಗಟ್ಟಿಯಾಗಿ ಓದುತ್ತಿದ್ದರು, ನಾವು ಪ್ರತಿ ಸಾಲಿನ ಮೇಲೂ ಪೆನ್ಸಿಲ್ಲಿನಿಂದ ಅದರ ಉಚ್ಚಾರಣೆಯನ್ನು ಪುಟ್ಟ ಕನ್ನಡ ಅಕ್ಷರಗಳಲ್ಲಿ ಬರೆದುಕೊಳ್ಳುತ್ತಿದ್ದೆವು. ಮರುದಿನ ಎದ್ದು ನಿಂತು ಓದು ಎಂದರೆ ಓದುತ್ತಿದ್ದುದು ಆ ಪೆನ್ಸಿಲ್ ಸಾಲನ್ನು. ಬರೆದಂತೆ ಓದುವ, ಓದಿದಂತೆ ಬರೆಯುವ ಲಿಪಿಯಲ್ಲಿ ಬೆಳೆದ ಮಗುವಿಗೆ, 26 ಅಕ್ಷರಗಳಲ್ಲಿ ನಲವತ್ತಕ್ಕೂ ಹೆಚ್ಚು ಧ್ವನಿಗಳನ್ನು ಹಿಡಿದಿಡುವ ಭಾಷೆಯೊಳಗೆ ಕಾಲಿಡಲು ಆ ಪೆನ್ಸಿಲ್ ಅಕ್ಷರಗಳೇ ಆಸರೆಯಾಗಿದ್ದವು. ತಪಾಸಣೆಗೆ ಯಾರಾದರೂ ಬರುವ ದಿನ ಮಾತ್ರ ರಬ್ಬರಿನಿಂದ ಅವನ್ನೆಲ್ಲ ಉಜ್ಜಿ ಅಳಿಸಬೇಕಾಗುತ್ತಿತ್ತು, ಆ ದಿನ ತರಗತಿಯಲ್ಲಿ ಯಾರಿಗೂ ಓದಲು ಬರುತ್ತಿರಲಿಲ್ಲ.

ಪರೀಕ್ಷೆ ಪಾಸು ಮಾಡುವುದು ಅಷ್ಟು ಕಷ್ಟವಿರಲಿಲ್ಲ ಎಂಬುದನ್ನೂ ಹೇಳಬೇಕು. ಗೈಡಿನ ಪ್ರಶ್ನೋತ್ತರ, ಬಾಯಿಪಾಠದ ಪದ್ಯ, ಒಂದು ರಜಾ ಅರ್ಜಿ, ಒಂದು ಪ್ರಬಂಧ, ಇಷ್ಟಿದ್ದರೆ ಅಂಕಗಳು ಬರುತ್ತಿದ್ದವು. ಈಗಲೂ ಎಸ್ಸೆಸ್ಸೆಲ್ಸಿಯ ದ್ವಿತೀಯ ಭಾಷೆ ಇಂಗ್ಲಿಷಿನ 100 ಅಂಕಗಳಲ್ಲಿ 80 ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಬೋರ್ಡ್ ಪರೀಕ್ಷೆಯಲ್ಲಿ ಮಗುವಿನ ಮಾತನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ. ಹೀಗಾಗಿ ಒಳ್ಳೆಯ ಅಂಕ ಪಡೆದ ಮಗು ತನಗೆ ಇಂಗ್ಲಿಷ್ ಬರುತ್ತದೆ ಎಂದೇ ನಂಬಿ ಕಾಲೇಜಿಗೆ ಬರುತ್ತದೆ, ಮನೆಯವರೂ ಹಾಗೆಯೇ ನಂಬಿರುತ್ತಾರೆ.

ನಿಜವಾದ ಕಷ್ಟ ತೆರೆದುಕೊಳ್ಳುವುದು ಪಿಯುಸಿಯ ಮೊದಲ ವಾರಗಳಲ್ಲಿ. ಸಂವೇಗ, ವೇಗೋತ್ಕರ್ಷ, ವಕ್ರೀಭವನ, ಗುಣಸೂತ್ರ, ದ್ಯುತಿಸಂಶ್ಲೇಷಣೆ ಎಲ್ಲವನ್ನೂ ಓದಿ, ಬರೆದು, ಲೆಕ್ಕ ಬಿಡಿಸಿ ಬಂದ ವಿದ್ಯಾರ್ಥಿಗೆ ಮೊಮೆಂಟಮ್, ಆಕ್ಸಿಲರೇಷನ್, ರಿಫ್ರಾಕ್ಷನ್, ಕ್ರೋಮೋಸೋಮ್, ಫೋಟೋಸಿಂಥೆಸಿಸ್ ಎಂಬ ಹೆಸರುಗಳು ಒಂದೇ ವಾರದಲ್ಲಿ ಎದುರಾಗುತ್ತವೆ. ಆದರೆ ಹೊರಗಿನವರು ಭಾವಿಸುವಂತೆ ಈ ಪಾರಿಭಾಷಿಕ ಪದಗಳೇ ದೊಡ್ಡ ತೊಡಕಲ್ಲ. ಅವನ್ನು ಪಟ್ಟಿ ಮಾಡಿಕೊಂಡು ಕಲಿಯಬಹುದು, ನಾವೆಲ್ಲ ಕಲಿತೆವು. ಉಸಿರು ಕಟ್ಟಿಸುವುದು ಅವುಗಳ ನಡುವೆ ಸುಳಿಯುವ ಸಣ್ಣ ಮಾತುಗಳು: ‘ವಿತ್ ರೆಸ್ಪೆಕ್ಟ್ ಟು’, ‘ಇನ್ ಟರ್ಮ್ಸ್ ಆಫ್’, ‘ಅನ್‌ಲೆಸ್’, ‘ವೇರ್‌ಆ್ಯಸ್’. ಇವನ್ನು ಯಾವ ಗೈಡೂ ವಿವರಿಸುವುದಿಲ್ಲ, ಉಪನ್ಯಾಸಕರು ಇವು ಎಲ್ಲರಿಗೂ ಗೊತ್ತಿರುತ್ತವೆ ಎಂದುಕೊಂಡಿರುತ್ತಾರೆ. ಪ್ರಶ್ನೆಪತ್ರಿಕೆಯಲ್ಲಿ ‘ಡಿರೈವ್’ ಎಂದರೆ ಏನು ಮಾಡಬೇಕು, ‘ಜಸ್ಟಿಫೈ’ ಎಂದರೆ ಎಷ್ಟು ಬರೆಯಬೇಕು, ‘ಡಿಸ್ಟಿಂಗ್ವಿಶ್’ ಎಂದರೆ ಎರಡು ಕಾಲಂ ಹಾಕಬೇಕೇ ಎಂಬುದು ತಿಳಿಯದೆ, ಉತ್ತರ ಗೊತ್ತಿದ್ದೂ ಖಾಲಿ ಬಿಟ್ಟು ಬಂದವರನ್ನು ನಾನು ನೋಡಿದ್ದೇನೆ. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಅರಕಲಗೂಡು ಕಡೆಯ ಗೆಳತಿಯೊಬ್ಬಳು, ಲೆಕ್ಕದಲ್ಲಿ ನಮಗೆಲ್ಲ ಗುರುವಿನಂತಿದ್ದವಳು, ಇದೇ ಕಾರಣಕ್ಕೆ ಅರ್ಧ ವರ್ಷದಲ್ಲೇ ವಿಜ್ಞಾನ ಬಿಟ್ಟು ಕಲಾ ವಿಭಾಗಕ್ಕೆ ಹೋದಳು. ಕಲಾ ವಿಭಾಗ ಕಡಿಮೆಯದೆಂದು ನಾನು ಹೇಳುತ್ತಿಲ್ಲ. ಆದರೆ ಅದು ಅವಳ ಆಯ್ಕೆಯಾಗಿರಲಿಲ್ಲ ಎಂಬ ಬೇಸರ ನನಗೆ ಇಂದಿಗೂ ಇದೆ.

ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಜಿಮ್ ಕಮ್ಮಿನ್ಸ್ ಅವರು 1979ರಲ್ಲಿ, ದಿನನಿತ್ಯದ ಮಾತುಕತೆಗೆ ಬೇಕಾದ ಭಾಷೆ ಬೇರೆ, ಪಾಠ ಕಲಿಯಲು ಬೇಕಾದ ಭಾಷೆ ಬೇರೆ ಎಂಬ ವ್ಯತ್ಯಾಸವನ್ನು ವಿವರಿಸಿದರು. ವಲಸೆ ಬಂದ ಮಕ್ಕಳಿಗೆ ಮೊದಲನೆಯದು ಸುಮಾರು 2 ವರ್ಷಗಳಲ್ಲಿ ದಕ್ಕಿದರೆ, ಎರಡನೆಯದಕ್ಕೆ 5ರಿಂದ 7 ವರ್ಷ ಬೇಕಾಗುತ್ತದೆ ಎಂಬುದು ಅವರ ನಿಲುವು. ಅದು ಬೀದಿಯಲ್ಲಿ, ಅಂಗಡಿಯಲ್ಲಿ, ಆಟದ ಬಯಲಲ್ಲಿ ಇಂಗ್ಲಿಷ್ ಕಿವಿಗೆ ಬೀಳುವ ಊರಿನ ಮಕ್ಕಳ ಲೆಕ್ಕ. ನಮ್ಮ ಕಡೆ ತರಗತಿಯ ಬಾಗಿಲು ದಾಟಿದರೆ ಒಂದು ಇಂಗ್ಲಿಷ್ ವಾಕ್ಯವನ್ನೂ ಕೇಳದ ಮಗುವಿನಿಂದ, ಜೂನ್‌ನಲ್ಲಿ ಕಾಲೇಜು ಸೇರಿ ದಸರಾ ಹೊತ್ತಿಗೆ ಎಲ್ಲವೂ ಸರಿಹೋಗಲಿ ಎಂದು ನಿರೀಕ್ಷಿಸುತ್ತೇವೆ.

ಬೇಗ ಶುರು ಮಾಡಿದರೆ ಸಾಕು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದಿತು. ನಾಲ್ಕನೇ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲೇ ಕಲಿಸಬೇಕೆಂಬ ರಾಜ್ಯದ 1994ರ ಆದೇಶವನ್ನು ಖಾಸಗಿ ಶಾಲೆಗಳ ಮೇಲೆ ಹೇರಲಾಗದು ಎಂದು ಸುಪ್ರೀಂ ಕೋರ್ಟ್ 2014ರ ಮೇ ತಿಂಗಳಲ್ಲಿ ತೀರ್ಪು ನೀಡಿತು. ನನ್ನ ಅಕ್ಕನ ಮಗಳು ಒಂದನೇ ತರಗತಿಯಿಂದಲೇ ಇಂಗ್ಲಿಷ್ ಕಲಿತವಳು, ನನಗಿಂತ ನಾಲ್ಕು ವರ್ಷ ಮೊದಲು ಆರಂಭಿಸಿದವಳು. ಆದರೂ ನಾನು ನಿಂತಿದ್ದ ಜಾಗದಲ್ಲೇ ಅವಳೂ ನಿಂತಿದ್ದಾಳೆ. ಹಾಗಾದರೆ ಕೊರತೆ ಇರುವುದು ವರ್ಷಗಳಲ್ಲಿ ಅಲ್ಲ, ಆ ವರ್ಷಗಳಲ್ಲಿ ಕಲಿಸಿದ ರೀತಿಯಲ್ಲಿ. (ಕಾಫಿ ತೋಟದ ಲೈನ್ ಮನೆಗಳಿಂದ ಬರುವ, ಮನೆಯಲ್ಲಿ ತಮಿಳು ಅಥವಾ ಅಸ್ಸಾಮಿ ಮಾತಾಡುವ ಮಕ್ಕಳಿಗೆ ಕನ್ನಡವೇ ಎರಡನೇ ಭಾಷೆ, ಇಂಗ್ಲಿಷ್ ಮೂರನೆಯದು. ಅವರ ಪಾಡಿನ ಬಗ್ಗೆ ಪ್ರತ್ಯೇಕವಾಗಿಯೇ ಬರೆಯಬೇಕು.)

ನನಗೆ ಇಂಗ್ಲಿಷ್ ವಾಕ್ಯದ ಒಳಗನ್ನು ತೋರಿಸಿದವರು ಒಂಬತ್ತನೇ ತರಗತಿಗೆ ವರ್ಗವಾಗಿ ಬಂದ ಒಬ್ಬ ಮೇಷ್ಟ್ರು. ಅವರು ಬೋರ್ಡಿನ ಮೇಲೆ ಮೊದಲು ಬರೆದದ್ದು ಕನ್ನಡ ವಾಕ್ಯ: ‘ರೈತನು ಹೊಲವನ್ನು ಉಳುತ್ತಾನೆ.’ ಕರ್ತೃ, ಕರ್ಮ, ಕ್ರಿಯಾಪದಗಳಿಗೆ ಮೂರು ಬಣ್ಣದ ಸೀಮೆಸುಣ್ಣದಲ್ಲಿ ಗೆರೆ ಎಳೆಸಿದರು. ಕೆಳಗೆ ಅದೇ ಅರ್ಥದ ಇಂಗ್ಲಿಷ್ ವಾಕ್ಯ ಬರೆದು, ಅದೇ ಬಣ್ಣಗಳಲ್ಲಿ ಮತ್ತೆ ಗೆರೆ. ಕೊನೆಯಲ್ಲಿದ್ದ ಕ್ರಿಯಾಪದ ನಡುವಿಗೆ ಬಂದು ಕೂತಿದ್ದು ಕಣ್ಣಿಗೆ ಕಂಡಿತು. ಕನ್ನಡದಲ್ಲಿ ನಾಮಪದದ ಕೊನೆಗೆ ಅಂಟುವ ವಿಭಕ್ತಿ ಪ್ರತ್ಯಯಗಳ ಕೆಲಸವನ್ನು ಇಂಗ್ಲಿಷಿನಲ್ಲಿ ಬಹುಮಟ್ಟಿಗೆ ನಾಮಪದಕ್ಕಿಂತ ಮೊದಲು ಬರುವ ಪುಟ್ಟ ಪದಗಳು ಮಾಡುತ್ತವೆ ಎಂದು ಅವರು ಹೇಳಿದ ದಿನ, ಅದುವರೆಗೆ ಬರಿದೇ ಉರು ಹೊಡೆದಿದ್ದೆಲ್ಲ ಒಂದು ಕ್ರಮಕ್ಕೆ ಬಂದಿತು. ಕನ್ನಡ ವ್ಯಾಕರಣ ಚೆನ್ನಾಗಿ ಬಲ್ಲ ಮಕ್ಕಳಿಗೆ ಆ ಜ್ಞಾನವೇ ಇಂಗ್ಲಿಷಿಗೆ ಮೆಟ್ಟಿಲು. ಹೀಗಿರುವಾಗ ಇಂಗ್ಲಿಷ್ ತರಗತಿಯಲ್ಲಿ ಕನ್ನಡದ ಒಂದು ಮಾತೂ ಆಡಬಾರದೆನ್ನುವ, ಆಡಿದರೆ ದಂಡ ಹಾಕುವ ಶಾಲೆಗಳು ಮಕ್ಕಳ ಕೈಯಲ್ಲಿರುವ ಸಾಧನವನ್ನೇ ಕಿತ್ತುಕೊಳ್ಳುತ್ತಿವೆ ಎಂದು ನಾನು ದೃಢವಾಗಿ ನಂಬುತ್ತೇನೆ.

ಅಕ್ಕನ ಮಗಳ ಜೊತೆ ಈಗ ಭಾನುವಾರಗಳಂದು ಕೂರುತ್ತಿದ್ದೇನೆ. ಭೌತಶಾಸ್ತ್ರದ ಒಂದು ಪುಟವನ್ನು ಅವಳು ಇಂಗ್ಲಿಷಿನಲ್ಲಿ ಓದಿ, ಪುಸ್ತಕ ಮುಚ್ಚಿ, ನನಗೆ ಕನ್ನಡದಲ್ಲಿ ವಿವರಿಸಬೇಕು. ಆಮೇಲೆ ಅದನ್ನೇ ಮೂರು ನಾಲ್ಕು ಇಂಗ್ಲಿಷ್ ವಾಕ್ಯಗಳಲ್ಲಿ ತಾನೇ ಬರೆಯಬೇಕು, ಗೈಡಿನಿಂದ ಅಲ್ಲ. ತಪ್ಪುಗಳನ್ನು ಆಗಲೇ ತಿದ್ದುವುದಿಲ್ಲ, ವಾಕ್ಯ ಪೂರ್ತಿಯಾಗುವವರೆಗೆ ಕಾಯುತ್ತೇನೆ. ವಿನಂತಿಸಿಕೊಂಡ ಮೇಲೆ ಅವಳ ರಸಾಯನಶಾಸ್ತ್ರದ ಉಪನ್ಯಾಸಕರು ಹೊಸ ಪದ ಬಂದಾಗಲೆಲ್ಲ ಅದರ ಕನ್ನಡ ಹೆಸರನ್ನೂ ಒಮ್ಮೆ ಹೇಳುತ್ತಿದ್ದಾರಂತೆ. ಅರ್ಧ ನಿಮಿಷದ ಈ ಕೆಲಸದಿಂದ ಎಷ್ಟು ಮಕ್ಕಳು ನಿರಾಳರಾಗುತ್ತಾರೆಂದು ಅವರಿಗೆ ಗೊತ್ತಿರಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ಬರೆಯುವ ಮಕ್ಕಳಿರುವ ಮನೆಯವರಿಗೆ ಒಂದು ವಿಷಯ ತಿಳಿಸುತ್ತೇನೆ. ರಾಜ್ಯ ಪಠ್ಯಕ್ರಮದ ವಿಜ್ಞಾನ ಮತ್ತು ಗಣಿತ ಪುಸ್ತಕಗಳು ಕನ್ನಡ, ಇಂಗ್ಲಿಷ್ ಎರಡೂ ಮಾಧ್ಯಮಗಳಲ್ಲಿ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಪರೀಕ್ಷೆ ಮುಗಿದು ಕಾಲೇಜು ಆರಂಭವಾಗುವವರೆಗಿನ ರಜೆಯಲ್ಲಿ, ತಾನು ಓದಿ ಮುಗಿಸಿದ ಹತ್ತನೇ ತರಗತಿಯ ಪಾಠವನ್ನೇ ಮಗು ಇಂಗ್ಲಿಷ್ ಪುಸ್ತಕದಲ್ಲಿ ಮತ್ತೊಮ್ಮೆ ಓದಲಿ. ವಿಷಯ ಮೊದಲೇ ತಿಳಿದಿರುವುದರಿಂದ ಗಮನವೆಲ್ಲ ಭಾಷೆಯ ಮೇಲೆ ನಿಲ್ಲುತ್ತದೆ. ಪುಸ್ತಕಗಳನ್ನು ಇಳಿಸಿಕೊಳ್ಳಲು ಸೌಲಭ್ಯವಿಲ್ಲದವರು ಹತ್ತಿರದ ಇಂಗ್ಲಿಷ್ ಮಾಧ್ಯಮದ ಮಕ್ಕಳಿಂದ ಹಳೆಯ ಪುಸ್ತಕ ಕೇಳಿ ಪಡೆಯಬಹುದು, ಏಪ್ರಿಲ್ ಹೊತ್ತಿಗೆ ಅವು ಹೆಚ್ಚಿನ ಮನೆಗಳಲ್ಲಿ ಅಟ್ಟ ಸೇರುತ್ತವೆ.