ಇಪ್ಪತ್ತನೇ ತಾರೀಖು ಮತ್ತು ಹೊಸ ವಿಂಡೋಸ್

ದಾವಣಗೆರೆಯ ಒಂದು ಆಡಿಟರ್ ಆಫೀಸಿಗೆ ನಾನು 2012ರಿಂದ ಹೋಗುತ್ತಿದ್ದೇನೆ. ಒಂಬತ್ತು ಕಂಪ್ಯೂಟರ್, ಮೂರು ಪ್ರಿಂಟರ್, ಅದರಲ್ಲೊಂದು ಕಿರ್ರ್ ಅನ್ನುವ ಡಾಟ್ ಮ್ಯಾಟ್ರಿಕ್ಸ್. ಬಿಲ್ಲುಗಳ ಸ್ಕ್ಯಾನ್ ಇಡೋಕೆ ನೆಟ್‌ವರ್ಕಿಗೆ ಸಿಕ್ಕಿಸಿದ ಒಂದು ಹಳೇ ಸ್ಟೋರೇಜ್ ಡಬ್ಬಿ. ಇವನ್ನೆಲ್ಲ ನೋಡಿಕೊಳ್ಳುವುದು ನನ್ನ ಕೆಲಸ, ವರ್ಷದ ನಿರ್ವಹಣಾ ಒಪ್ಪಂದದ (ಎಎಂಸಿ) ಲೆಕ್ಕದಲ್ಲಿ. ವಯಸ್ಸು ನಲವತ್ತು ದಾಟಿದರೂ ಅಲ್ಲಿ ನಾನು ಇನ್ನೂ "ಸಿಸ್ಟಮ್ ಹುಡುಗ"ನೇ.

ಹೊಸ ವಿಂಡೋಸ್ ಬಂದಾಗಲೆಲ್ಲ ಹಾಕೋಣವೋ ಬೇಡವೋ ಅಂತ ತೀರ್ಮಾನ ಮಾಡಬೇಕಾದವನೂ ನಾನೇ. ಒಂದು ಸಲ ಸರಿಯಾಗಿ ಎಡವಿದೆ. ಅದನ್ನೇ ಬರೆಯುತ್ತಿದ್ದೇನೆ.

2024ರ ನವೆಂಬರ್. ವಿಂಡೋಸ್ 11ರ 24ಎಚ್2 ಅನ್ನುವ ಹೊಸ ಆವೃತ್ತಿ ಬಿಡುಗಡೆಯಾಗಿ ಒಂದೂವರೆ ತಿಂಗಳಾಗಿತ್ತು. ಆಫೀಸಿನಲ್ಲಿ ಎಲ್ಲವೂ ವಿಂಡೋಸ್ 10. ಅದಕ್ಕೆ ಮುಂದಿನ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲುತ್ತದೆ ಅನ್ನುವುದು ಗೊತ್ತಿದ್ದ ವಿಷಯ. ಕೊನೇ ಗಳಿಗೆಯಲ್ಲಿ ಒದ್ದಾಡುವ ಬದಲು ಈಗಲೇ ಶುರು ಮಾಡೋಣ ಅಂದುಕೊಂಡೆ. ಆ ಯೋಚನೆಯಲ್ಲಿ ತಪ್ಪೇನೂ ಇರಲಿಲ್ಲ. ಕ್ಯಾಲೆಂಡರ್ ನೋಡಿದೆ. 16 ಶನಿವಾರ, 17 ಭಾನುವಾರ, 18 ಸೋಮವಾರ ಕನಕ ಜಯಂತಿ. ಎರಡು ದಿನ ರಜೆ, ಯಾರೂ ಇರಲ್ಲ. ಇದಕ್ಕಿಂತ ಒಳ್ಳೆ ಸಮಯ ಎಲ್ಲಿ ಸಿಗಬೇಕು?

ಮಷೀನು ವಿಂಡೋಸ್ 11ಕ್ಕೆ ಹೊಂದುತ್ತಾ ಅಂತ ನೋಡಲು ಮೈಕ್ರೋಸಾಫ್ಟ್ ಕೊಡುವ ಪಿಸಿ ಹೆಲ್ತ್ ಚೆಕ್ ಓಡಿಸಿದೆ. ಒಂಬತ್ತರಲ್ಲಿ ಐದು ಮಷೀನಿಗೆ ಹಸಿರು ಟಿಕ್ ಬಂತು. ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ ಇದೆ, ಪ್ರೊಸೆಸರ್ ಇಂಟೆಲ್ 8ನೇ ಜನರೇಷನ್‌ಗಿಂತ ಹಳೇದಲ್ಲ, 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಎಲ್ಲಾ ಸರಿ. ಮೊದಲ ಕಂತಿನಲ್ಲಿ ಮೂರು ಮಷೀನಿಗೆ ಶನಿವಾರ ಸಂಜೆ ಹಾಕಿ ಮುಗಿಸಿದೆ. ಡೆಸ್ಕ್‌ಟಾಪ್ ಬಂತು, ಟ್ಯಾಲಿ ತೆರೆಯಿತು, ಇಂಟರ್ನೆಟ್ ಇತ್ತು. ಒಂದು ಮಷೀನಿನ ಡಿಸ್ಕ್ ಚಿಕ್ಕದು, ಜಾಗ ಕೆಂಪಾಗಿತ್ತು. ಡಿಸ್ಕ್ ಕ್ಲೀನಪ್‌ಗೆ ಹೋಗಿ "ಹಿಂದಿನ ವಿಂಡೋಸ್" ಅನ್ನೋದಕ್ಕೂ ಟಿಕ್ ಹಾಕಿ ಅಳಿಸಿದೆ. ಇಪ್ಪತ್ತು ಜಿಬಿ ಖಾಲಿಯಾಯಿತು. ಖುಷಿಯಾಗಿ ಮಂಡಕ್ಕಿ ಮೆಣಸಿನಕಾಯಿ ತಿಂದು ಮನೆಗೆ ಹೋದೆ.

ಮಂಗಳವಾರ 19. ಬೆಳಿಗ್ಗೆ ಹತ್ತೂ ಐದಕ್ಕೆ ಫೋನ್ ಬಂತು. ಹಿರಿಯ ಅಕೌಂಟೆಂಟ್ ಮೇಡಂ.

"ತಮ್ಮಾ, ಬಿಲ್ಲಿನ ಫೋಲ್ಡರ್ ಎಲ್ಲಿ ಹೋಯ್ತು? ಶನಿವಾರ ತನಕ ಇತ್ತಲ್ಲ?"

ಮರುದಿನ 20. ಜಿಎಸ್‌ಟಿಆರ್-3ಬಿ, ಅಂದರೆ ತಿಂಗಳ ಜಿಎಸ್‌ಟಿ ರಿಟರ್ನ್, ಕಟ್ಟಲು ಕೊನೇ ದಿನ. ಜಿಎಸ್‌ಟಿ ಆಫೀಸುಗಳಲ್ಲಿ ಕೆಲಸ ಮಾಡಿದವರಿಗೆ ಈ ತಾರೀಖಿನ ಬಿಸಿ ಹೇಳಬೇಕಾಗಿಲ್ಲ. ತಡವಾದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಕಟ್ಟದ ತೆರಿಗೆಗೆ ವರ್ಷಕ್ಕೆ ಶೇ. 18ರ ಲೆಕ್ಕದಲ್ಲಿ ಬಡ್ಡಿ. ದುಡ್ಡಿನದು ಹೇಗೋ ಆಗುತ್ತೆ, ಅಡಿಕೆ ವ್ಯಾಪಾರಿಗೆ ಫೋನ್ ಮಾಡಿ "ನಿಮ್ಮದು ಕಟ್ಟೋಕಾಗಲಿಲ್ಲ" ಅನ್ನಬೇಕಲ್ಲ, ಅದು ಕಷ್ಟ.

ನಾನು ಹೋಗುವ ಹೊತ್ತಿಗೆ ಆಡಿಟರ್ ಸರ್ ಅವರೇ ಆ ಮಷೀನಿನ ಮುಂದೆ ಕೂತಿದ್ದರು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಂದೇಶ. ನಿಮ್ಮ ಸಂಸ್ಥೆಯ ಭದ್ರತಾ ನಿಯಮಗಳು ಗೆಸ್ಟ್ ಆಗಿ ಒಳಗೆ ಹೋಗುವುದನ್ನು ತಡೆದಿವೆ ಅಂತ ಅದರ ಅರ್ಥ. ಸರ್ ಕನ್ನಡಕ ತೆಗೆದು ನನ್ನ ಕಡೆ ನೋಡಿದರು. "ಏನ್ರೀ, ಈ ಸಂಸ್ಥೆ ಅಂದ್ರೆ ನಾನೇ ಅಲ್ವಾ? ನಾನು ಯಾವಾಗ ತಡೆದೆ?"

ನಗೋ ಹಾಗೂ ಇರಲಿಲ್ಲ.

ಆಗಿದ್ದಿಷ್ಟು. 24ಎಚ್2ನಿಂದ ವಿಂಡೋಸ್ 11 ಪ್ರೊನಲ್ಲಿ ಎರಡು ವಿಷಯ ಬದಲಾಗಿತ್ತು. ನೆಟ್‌ವರ್ಕಿನ ಫೋಲ್ಡರ್ ತೆರೆದಾಗ ಹೋಗಿಬರುವ ಮಾಹಿತಿಗೆಲ್ಲ, ನಡುವೆ ಯಾರೂ ತಿದ್ದಿಲ್ಲ ಅಂತ ತೋರಿಸುವ ಡಿಜಿಟಲ್ ಸಹಿ ಇರಲೇಬೇಕು. ಪಾಸ್‌ವರ್ಡ್ ಇಲ್ಲದೆ ಗೆಸ್ಟ್ ಆಗಿ ನುಗ್ಗುವುದೂ ಬಂದ್. ಎರಡಕ್ಕೂ ನಂಟಿದೆ. ಆ ಸಹಿಯ ಕೀಲಿ ತಯಾರಾಗುವುದು ಲಾಗಿನ್ ಆದಾಗ. ಗೆಸ್ಟಿಗೆ ಪಾಸ್‌ವರ್ಡೇ ಇಲ್ಲ, ಕೀಲಿ ಎಲ್ಲಿಂದ ಬರಬೇಕು? ನಮ್ಮ ಸ್ಟೋರೇಜ್ ಡಬ್ಬಿಗೆ ನಾನು ಮೊದಲ ದಿನದಿಂದಲೂ ಪಾಸ್‌ವರ್ಡ್ ಇಟ್ಟಿರಲಿಲ್ಲ. "ಎಲ್ರಿಗೂ ಸುಲಭ ಆಗ್ಲಿ" ಅಂತ.

ಇದಕ್ಕೆ ಯೂಟ್ಯೂಬಿನಲ್ಲಿ ಎರಡು ನಿಮಿಷದ ಮದ್ದಿದೆ. ಎರಡು ಸೆಟ್ಟಿಂಗ್ ಆಫ್ ಮಾಡಿದರೆ ಹಳೇ ಹಾಗೇ ಕೆಲಸ ಮಾಡುತ್ತೆ. ಅವಸರದಲ್ಲಿ ಮೊದಲನೇ ಮಷೀನಿಗೆ ಅದನ್ನೇ ಮಾಡಿದೆ. ಫೋಲ್ಡರ್ ತೆರೆಯಿತು. ಒಳಗೆ ಕಂಡಿದ್ದೇನು? ಗಿರಾಕಿಗಳ ಪ್ಯಾನ್ ಕಾರ್ಡು, ಆಧಾರ್ ಕಾರ್ಡು, ಬ್ಯಾಂಕ್ ಸ್ಟೇಟ್‌ಮೆಂಟು, ಸಾಲು ಸಾಲು. ಆಫೀಸಿನ ವೈಫೈ ಸಿಕ್ಕವರು ಯಾರು ಬೇಕಾದರೂ ನೋಡಬಹುದಿತ್ತು. ಆ ಕ್ಷಣಕ್ಕೆ ನನಗೆ ವಿಂಡೋಸ್ ಮೇಲಿನ ಸಿಟ್ಟು ಇಳಿದುಹೋಯಿತು. ಅದು ಸರಿಯಾದದ್ದನ್ನೇ ಮಾಡಿತ್ತು. ಇಷ್ಟು ವರ್ಷ ಬಾಗಿಲು ತೆಗೆದಿಟ್ಟವನು ನಾನು. ಆಫ್ ಮಾಡಿದ್ದನ್ನು ಮತ್ತೆ ಆನ್ ಮಾಡಿದೆ. ಡಬ್ಬಿಯಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ಯೂಸರ್ ಮಾಡಿ, ಪಾಸ್‌ವರ್ಡ್ ಕೊಟ್ಟು, ಒಂಬತ್ತೂ ಮಷೀನಿನಲ್ಲಿ ಉಳಿಸಿಟ್ಟೆ. ಅಷ್ಟರಲ್ಲಿ ಮಧ್ಯಾಹ್ನ ಮೂರೂವರೆ.

ಇನ್ನೊಂದು ಮಷೀನಿನಲ್ಲಿ ಸ್ಕ್ಯಾನರ್ರೇ ಇಲ್ಲ ಅನ್ನುತ್ತಿತ್ತು. ಯುಎಸ್‌ಬಿ ಕೇಬಲ್ ಬದಲಾಯಿಸಿದೆ, ಡ್ರೈವರ್ ತೆಗೆದು ಮತ್ತೆ ಹಾಕಿದೆ, ಏನೂ ಆಗಲಿಲ್ಲ. ಯುಎಸ್‌ಬಿಯಲ್ಲಿ ಸಿಕ್ಕಿಸಿದ ಕೆಲವು ಸ್ಕ್ಯಾನರ್‌ಗಳು 24ಎಚ್2ನಲ್ಲಿ ಕಾಣುವುದಿಲ್ಲ ಅಂತ ಆ ತಿಂಗಳಲ್ಲೇ ಮೈಕ್ರೋಸಾಫ್ಟ್ ಒಪ್ಪಿಕೊಂಡಿತು. ಅಂಥ ಮಷೀನುಗಳಿಗೆ ಅಪ್‌ಗ್ರೇಡ್ ಹೋಗದಂತೆ ತಡೆಯನ್ನೂ ಹಾಕಿತು. ನನಗೆ ಅದು ತಿಳಿದದ್ದು ಆಮೇಲೆ. ಆ ದಿನ ನಾನು ಮಾಡಿದ್ದು ಸೆಟ್ಟಿಂಗ್ಸ್‌ಗೆ ಹೋಗಿ "ಗೋ ಬ್ಯಾಕ್" ಒತ್ತಿದ್ದು. ಹತ್ತು ದಿನದೊಳಗೆ ಹಿಂದಕ್ಕೆ ಹೋಗಬಹುದು. ಅರ್ಧ ಗಂಟೆಯಲ್ಲಿ ವಿಂಡೋಸ್ 10 ವಾಪಸ್ ಬಂತು, ಸ್ಕ್ಯಾನರ್ ಕೂಡ.

ಹಿಂದಕ್ಕೆ ಹೋಗುವ ಆ ದಾರಿ ಇರುವುದೇ ನಾನು ಶನಿವಾರ ಅಳಿಸಿದ "ಹಿಂದಿನ ವಿಂಡೋಸ್" ಫೋಲ್ಡರಿನಲ್ಲಿ. ಅದನ್ನು ಅಳಿಸಿದ ಮಷೀನಿನಲ್ಲೇ ಸ್ಕ್ಯಾನರ್ ಇದ್ದಿದ್ದರೆ ಏನು ಗತಿ ಅಂತ ಈಗಲೂ ಒಮ್ಮೊಮ್ಮೆ ಯೋಚನೆ ಬರುತ್ತೆ. ಮನೆ ಕಟ್ಟಿದ ಮೇಲೆ ಹೊರಗಿನ ಮೆಟ್ಟಿಲು ಕಿತ್ತು ಹಾಕಿದ ಹಾಗೆ ಮಾಡಿದ್ದೆ, ಯಾರೂ ಕೇಳದೆ ಇದ್ದರೂ.

ರಾತ್ರಿ ಒಂಬತ್ತೂವರೆಯವರೆಗೆ ಎಲ್ಲರೂ ಕೂತರು. ಮರುದಿನದೊಳಗೆ ಎಲ್ಲಾ ರಿಟರ್ನ್ ಹೋಯಿತು. ಸರ್ ನನಗೆ ಏನೂ ಅನ್ನಲಿಲ್ಲ. ಅನ್ನಬಾರದಿತ್ತೇ ಅಂತ ಅನ್ನಿಸಿತು.

ಆಮೇಲೆ ಯೋಚಿಸಿದಾಗ ಹೊಳೆದದ್ದು, ನಾನು ಆರಿಸಿದ ಸಮಯವೇ ತಪ್ಪು. ಯಾರೂ ಇಲ್ಲದ ಎರಡು ದಿನ ನನಗೆ ಅನುಕೂಲ ಅಷ್ಟೇ. ಕಂಪ್ಯೂಟರನ್ನು ಬಳಸುವವರು ಇಲ್ಲದಿದ್ದರೆ ಅದು ಕೆಟ್ಟಿದೆಯೋ ಇಲ್ಲವೋ ಯಾರಿಗೆ ಗೊತ್ತಾಗಬೇಕು? ನಾನು ನೋಡಿದ್ದು ಡೆಸ್ಕ್‌ಟಾಪ್ ಬಂತಾ ಅಂತ. ಮೇಡಂ ನೋಡುವುದು ಬಿಲ್ಲು ಬಂತಾ ಅಂತ. ಹಸಿರು ಟಿಕ್ಕಿಗೆ ಪ್ರೊಸೆಸರ್ ಗೊತ್ತು, ಬಿಲ್ಲು ಗೊತ್ತಿಲ್ಲ.

2025ರಲ್ಲಿ ಬೇರೆ ರೀತಿ ಮಾಡಿದೆ. ಒಂದು ಇನ್ನೂರು ಪುಟದ ನೋಟ್‌ಬುಕ್ ತಗೊಂಡು, ಏಪ್ರಿಲ್ ಕೊನೆಯಲ್ಲಿ ಒಬ್ಬೊಬ್ಬರ ಪಕ್ಕ ಅರ್ಧ ದಿನ ಸುಮ್ನೆ ಕೂತೆ. ಪ್ರಶ್ನೆ ಕೇಳಲಿಲ್ಲ. "ನೀವು ಏನೇನು ಬಳಸ್ತೀರಿ?" ಅಂತ ಕೇಳಿದರೆ ಎಲ್ಲರೂ "ಟ್ಯಾಲಿ, ಎಕ್ಸೆಲ್" ಅನ್ನುತ್ತಾರೆ. ನೋಡುತ್ತಾ ಕೂತರೆ ಬೇರೆಯೇ ಲೋಕ.

ಸಹಕಾರ ಸಂಘಗಳ ಆಡಿಟ್ ನೋಡುವ ಗುಮಾಸ್ತರ ಮಷೀನಿನಲ್ಲಿ ಒಂದು ಕಪ್ಪು ಪರದೆ ತೆರೆಯಿತು. ಡಾಸ್ ಕಾಲದ ಫಾಕ್ಸ್‌ಪ್ರೊದಲ್ಲಿ (ಒಂದು ಹಳೇ ಡೇಟಾಬೇಸ್ ಸಾಫ್ಟ್‌ವೇರ್) ಬರೆದ ಬಡ್ಡಿ ಲೆಕ್ಕದ ಪ್ರೋಗ್ರಾಮ್. ಬರೆದ ಹುಡುಗ ಬೆಂಗಳೂರು ಸೇರಿ ಇಪ್ಪತ್ತು ವರ್ಷವಾಗಿದೆ. ಆ ಮಷೀನಿನಲ್ಲಿ ಇದ್ದದ್ದು 32 ಬಿಟ್ ವಿಂಡೋಸ್ 10, ಅದಕ್ಕೇ ಆ ಹಳೇ 16 ಬಿಟ್ ಪ್ರೋಗ್ರಾಮ್ ಇನ್ನೂ ಉಸಿರಾಡುತ್ತಿತ್ತು. ವಿಂಡೋಸ್ 11ರಲ್ಲಿ 32 ಬಿಟ್ ಅನ್ನೋದೇ ಇಲ್ಲ. 64 ಬಿಟ್ ವಿಂಡೋಸಿನಲ್ಲಿ 16 ಬಿಟ್ ಪ್ರೋಗ್ರಾಮ್ ಓಡುವುದಿಲ್ಲ. ನಾನು ಹದಿಮೂರು ವರ್ಷದಿಂದ ಆ ಮಷೀನಿನ ಧೂಳು ಒರೆಸಿದ್ದೆ, ಈ ಪ್ರೋಗ್ರಾಮ್ ಇರೋದು ಗೊತ್ತೇ ಇರಲಿಲ್ಲ. ಅದರ ಮಾಹಿತಿ ಇರುವ ಡಿಬಿಎಫ್ ಫೈಲುಗಳನ್ನು ಎಕ್ಸೆಲ್ ತೆರೆಯುತ್ತೆ ಅನ್ನೋದು ಸಮಾಧಾನ. ಗುಮಾಸ್ತರೂ ನಾನೂ ಎರಡು ವಾರ ಕೂತು ಬಡ್ಡಿ ಲೆಕ್ಕವನ್ನು ಎಕ್ಸೆಲ್‌ಗೆ ಇಳಿಸಿದೆವು. ಆ ಸೂತ್ರ ಪೈಸೆಯನ್ನು ಎಲ್ಲಿ ಬಿಡುತ್ತೆ, ಎಲ್ಲಿ ಹಿಡಿಯುತ್ತೆ ಅನ್ನೋದು ಅವರಿಗೆ ಬಾಯಿಪಾಠ.

ಅವರದೇ ಮಷೀನಿನಲ್ಲಿ ಇನ್ನೊಂದು. ಸಂಘಗಳಿಗೆ ಬರೆದ ಪತ್ರಗಳೆಲ್ಲ ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ. ಎಲ್ಲಾ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಅಲ್ಲ. ಇದ್ದದ್ದರ ಮೇಲೇ ಅಪ್‌ಗ್ರೇಡ್ ಮಾಡಿದರೆ ಫಾಂಟು ಉಳಿಯುತ್ತೆ. ಹೊಸ ಮಷೀನು ಕೊಟ್ಟು ಫೈಲ್ ಮಾತ್ರ ತಂದರೆ, ಕನ್ನಡದ ಜಾಗದಲ್ಲಿ ಟೋಪಿ, ಬಾಲ ಸಿಕ್ಕಿಸಿಕೊಂಡ ಇಂಗ್ಲಿಷ್ ಅಕ್ಷರಗಳು ಬಂದು ಕೂರುತ್ತವೆ. ನೋಟ್‌ಬುಕ್ಕಿನಲ್ಲಿ ಕೆಂಪು ಪೆನ್ನಲ್ಲಿ ಬರೆದುಕೊಂಡೆ: "ಫಾಂಟ್ ಮೊದಲು, ಫೈಲ್ ಆಮೇಲೆ."

ಪ್ರಯೋಗಕ್ಕೆ ಯಾರ ಮಷೀನು? ಸಾಮಾನ್ಯವಾಗಿ ಎಲ್ಲರೂ ಹೊಸದಾಗಿ ಸೇರಿದ ಹುಡುಗನದ್ದನ್ನು ಆರಿಸುತ್ತಾರೆ. ಕೆಟ್ಟರೂ ನಷ್ಟ ಇಲ್ಲ ಅಂತ. ಅಲ್ಲಿ ಏನೂ ಕೆಡುವುದೂ ಇಲ್ಲ, ಯಾಕಂದರೆ ಅವನು ಏನೂ ಬಳಸುವುದಿಲ್ಲ. ನಾನು ಮೇಡಂ ಅವರದ್ದನ್ನೇ ಕೇಳಿದೆ. ಇಡೀ ಆಫೀಸಿನಲ್ಲಿ ಜಾಸ್ತಿ ಸಾಮಾನು ಇರುವುದು ಅವರ ಮಷೀನಿನಲ್ಲಿ. "ಇಪ್ಪತ್ತು ಕಳೀಲಿ, ನೀನು ಪಕ್ಕದಲ್ಲೇ ಕೂತಿರ್ಬೇಕು" ಅಂದರು. ಜೂನ್ 21 ಶನಿವಾರ ಸಂಜೆ ಹಾಕಿದೆ. ಸೋಮವಾರ ಇಡೀ ದಿನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತೆ.

ಸ್ಕ್ಯಾನರ್ ಬಂತು, ಫೋಲ್ಡರ್ ಬಂತು, ಡಾಟ್ ಮ್ಯಾಟ್ರಿಕ್ಸ್ ಕಿರ್ರ್ ಅಂತು. ಮೇಡಂ ಅವರ ದೊಡ್ಡ ದೂರು ಸ್ಟಾರ್ಟ್ ಬಟನ್ ನಡುವಿಗೆ ಬಂದು ಕೂತಿದೆ ಅನ್ನೋದು. ಅದನ್ನು ಎಡಕ್ಕೆ ತಳ್ಳೋಕೆ ಒಂದು ನಿಮಿಷ.

ಹನ್ನೊಂದು ಗಂಟೆಗೆ ಡಿಜಿಟಲ್ ಸಹಿಯ ಟೋಕನ್ (ಪೆನ್ ಡ್ರೈವ್ ತರಹದ್ದು) ಸಿಕ್ಕಿಸಿದರು. ಪಿನ್ ಕೇಳಿತು, ಹಾಕಿದರು, ತಪ್ಪು. ಮತ್ತೆ ಹಾಕಿದರು, ತಪ್ಪು. ಮೂರನೇ ಸಲಕ್ಕೆ ಕೈ ಹಿಡಿದೆ. ನೋಡಿದರೆ, ಅಪ್‌ಗ್ರೇಡ್ ಆದಮೇಲೆ ವಿಂಡೋಸ್ ಸೈನ್ ಇನ್‌ಗೆ ಅಂತ ಹೊಸ ಪಿನ್ ಇಟ್ಟುಕೊಂಡಿದ್ದೆವಲ್ಲ, ಅದನ್ನೇ ಟೋಕನ್‌ಗೂ ಹಾಕುತ್ತಿದ್ದರು. "ಹೊಸ ಪಿನ್ ಅಂದ್ಯಲ್ಲಪ್ಪ" ಅಂದರು. ನಾನು ಹಾಗೇ ಅಂದಿದ್ದೆ, ನಿಜ. ಟೋಕನ್‌ಗೆ ತಪ್ಪು ಪಿನ್ ಹಾಕುತ್ತಾ ಹೋದರೆ ಲಾಕ್ ಆಗುತ್ತೆ. ಅದು ಗಿರಾಕಿಯ ಟೋಕನ್. ಲಾಕ್ ಆದರೆ ಹೊಸ ಸಹಿ ಮಾಡಿಸುವ ತಾಪತ್ರಯ. ಯಾವ ಕೈಪಿಡಿಯಲ್ಲೂ ಈ ಸಮಸ್ಯೆ ಬರೆದಿರುವುದಿಲ್ಲ.

ಇನ್ನು ಉಳಿದ ನಾಲ್ಕು ಹಳೇ ಮಷೀನು. 6ನೇ, 7ನೇ ಜನರೇಷನ್. ವಿಂಡೋಸ್ 11 ಬೇಡ ಅನ್ನುತ್ತೆ. ತಪಾಸಣೆ ತಪ್ಪಿಸಿ ಹಾಕುವ ಉಪಾಯ ಇದೆ, ನಮ್ಮ ಮನೆಯ ಹಳೇ ಲ್ಯಾಪ್‌ಟಾಪಿಗೆ ಹಾಕಿದ್ದೇನೆ ಕೂಡ. ಆಫೀಸಿಗೆ ಹಾಕಲ್ಲ. ಅಂಥ ಮಷೀನಿಗೆ ಮುಂದೆ ಅಪ್‌ಡೇಟ್ ಬಂದೇ ಬರುತ್ತೆ ಅನ್ನುವ ಖಾತ್ರಿಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಅದು ಕೊಡದ ಖಾತ್ರಿಯನ್ನು ನಾನು ಹೇಗೆ ಕೊಡಲಿ?

ಅಕ್ಟೋಬರ್ 14, 2025 ಬಂದದ್ದು ಆಡಿಟ್ ಸೀಸನ್ನಿನ ನಡುಮಧ್ಯೆ. ತೆರಿಗೆ ಆಡಿಟ್ ವರದಿಯ ಗಡುವು ಸೆಪ್ಟೆಂಬರ್ 30ರಿಂದ ಅಕ್ಟೋಬರ್ 31ಕ್ಕೆ ಹೋಗಿತ್ತು, ಆಮೇಲೆ ನವೆಂಬರ್ 10ಕ್ಕೂ ಹೋಯಿತು. ಪರದೆ ತುಂಬಾ ಎಚ್ಚರಿಕೆ ನೋಡಿ ಸರ್ ಫೋನ್ ಮಾಡಿದರು. "ಏನ್ರೀ, 14ಕ್ಕೆ ಮಷೀನು ನಿಂತೇ ಹೋಗುತ್ತಾ?"

"ಇಲ್ಲ ಸರ್. ಮಷೀನು ಹಾಗೇ ಓಡುತ್ತೆ. ಭದ್ರತೆಯ ರಿಪೇರಿ ಬರೋದು ನಿಲ್ಲುತ್ತೆ ಅಷ್ಟೇ."

ಮನೆಯ ಕಂಪ್ಯೂಟರಿಗೆ ಒಂದು ವರ್ಷ, ಅಂದರೆ 2026ರ ಅಕ್ಟೋಬರ್ 13ರವರೆಗೆ, ಆ ರಿಪೇರಿ ಪಡೆಯುವ ದಾರಿ ಇದೆ. ಮೈಕ್ರೋಸಾಫ್ಟ್ ಖಾತೆಯಲ್ಲಿ ಸೆಟ್ಟಿಂಗ್ ಬ್ಯಾಕಪ್ ಇಟ್ಟರೆ ಪುಕ್ಕಟೆ. ಆಫೀಸುಗಳಿಗೆ ದುಡ್ಡು. ಮೊದಲ ವರ್ಷ ಒಂದು ಮಷೀನಿಗೆ 61 ಡಾಲರ್, ಆಮೇಲೆ ಪ್ರತಿ ವರ್ಷ ಎರಡು ಪಟ್ಟು, ಮೂರು ವರ್ಷದವರೆಗೆ. ನಾನು ಹೇಳಿ ಮುಗಿಸುವುದರೊಳಗೆ ಸರ್ ಬಾಯಲ್ಲೇ ಕೂಡಿಸಿದರು. 61, 122, 244. "427 ಡಾಲರ್. ಆ ದುಡ್ಡಿಗೆ ಹೊಸ ಮಷೀನೇ ಬರುತ್ತಲ್ರೀ." ಆಡಿಟರ್ ಅಲ್ವಾ.

ಹಾಗಾಗಿ ಒಂದೇ ವರ್ಷಕ್ಕೆ ತಗೊಂಡೆವು. ನವೆಂಬರ್ 10 ಕಳೆಯುವ ತನಕ ಆ ನಾಲ್ಕನ್ನು ಯಾರೂ ಮುಟ್ಟಬಾರದು ಅಂತ ನಾನೇ ಚೀಟಿ ಅಂಟಿಸಿದೆ. ಸೀಸನ್ ಮುಗಿದ ಮೇಲೆ ಎರಡು ಹೊಸ ಮಷೀನು ಬಂದವು, ಇನ್ನೆರಡು ಮಾರ್ಚ್ ದಾಟಿದ ಮೇಲೆ ಅಂತ ಮಾತಾಗಿದೆ. ಗುಮಾಸ್ತರ ಪತ್ರಗಳು ಹೊಸದರಲ್ಲೂ ಕನ್ನಡದಲ್ಲೇ ತೆರೆದವು. ಫಾಕ್ಸ್‌ಪ್ರೊ ಇದ್ದ ಮಷೀನಿನ ನೆಟ್‌ವರ್ಕ್ ಕೇಬಲ್ ಕಿತ್ತು ಮೂಲೆಯಲ್ಲಿ ಇಟ್ಟಿದ್ದೇವೆ. ಎಕ್ಸೆಲ್ ಲೆಕ್ಕದ ಮೇಲೆ ಅನುಮಾನ ಬಂದಾಗ ಗುಮಾಸ್ತರು ಅದನ್ನು ಎಬ್ಬಿಸಿ ತಾಳೆ ನೋಡುತ್ತಾರೆ. ಇವತ್ತಿನವರೆಗೆ ಪೈಸೆ ವ್ಯತ್ಯಾಸ ಬಂದಿಲ್ಲ.

ಮೊನ್ನೆ ಸರ್ ವಾಟ್ಸಾಪಿನಲ್ಲಿ ಪರದೆಯ ಫೋಟೋ ಕಳಿಸಿದ್ದರು. ವಿಂಡೋಸ್ 11ರ ಮುಂದಿನ ಆವೃತ್ತಿ 25ಎಚ್2 ರೆಡಿ ಇದೆ ಅನ್ನುವ ಸೂಚನೆ. ಕೆಳಗೆ "ಒತ್ತಲಾ?" ಅಂತ ಬರೆದಿದ್ದರು.

"ಇವತ್ತು ತಾರೀಖು ಎಷ್ಟು ಸರ್?" ಅಂತ ಕೇಳಿದೆ.

"ಹದಿನೆಂಟು."

"ಹಾಗಾದ್ರೆ ಇಪ್ಪತ್ತೊಂದಕ್ಕೆ ಬರ್ತೀನಿ."

ಸ್ವಲ್ಪ ಹೊತ್ತು ಬಿಟ್ಟು ಉತ್ತರ ಬಂತು: "ಆಯ್ತು. ಬರುವಾಗ ಡಾಟ್ ಮ್ಯಾಟ್ರಿಕ್ಸ್‌ಗೆ ಎರಡು ರಿಬ್ಬನ್ ತನ್ನಿ."